ಮೆಹಂದಿಯ ಗೊರಸಿನ ಗೆರೆ

ಭಾಲ್ಕಿಯಲ್ಲಿ ನಮ್ಮ ಬಳಗದವರ ಮದುವೆ. ಮಂಟಪದ ಮುಂದೆ ಇಳಿಯುತ್ತಿದ್ದಂತೆ ಒಂದು ವಾಸನೆ ಮೂಗಿಗೆ ಬಡಿಯಿತು. ಬೆವೆತ ಮೈ, ತೊಯ್ದ ಚರ್ಮದ ಪಟ್ಟಿ, ಅಗಿದ ಒಣಹುಲ್ಲು, ಮೂರೂ ಸೇರಿದ ವಾಸನೆ. ಮದುಮಗನ ಮೆರವಣಿಗೆಗೆ ತಂದ ಕುದುರೆ ಬೇವಿನ ಮರದ ಕೆಳಗೆ ನಿಂತಿತ್ತು. ಮದುವೆಗೆ ಬಂದವರೆಲ್ಲ ಒಬ್ಬರಾದ ಮೇಲೊಬ್ಬರು ಅದರ ಬಾಯಿಗೆ ಬೂಂದಿ ಉಂಡೆ ಹಿಡಿಯುತ್ತಿದ್ದರು. ನಾನು ಜರಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಬಗ್ಗಿ, ಅದರ ಮುಂಗಾಲ ಗೊರಸಿನ ಮೇಲೆ ಅಂಗೈ ಇಟ್ಟೆ. ನನ್ನ ಸೊಸೆ ನಾಚಿಕೆಯಿಂದ ಅತ್ತ ತಿರುಗಿ ನಿಂತಳು. "ಏನ್ ನೋಡ್ಲತ್ತೀರಿ ಅಮ್ಮಾ?" ಎಂದ ಕುದುರೆಯವನು. "ಬಿಸಿ ಅದೇನ್ ನೋಡ್ಲತ್ತೀನಪಾ. ಇಷ್ಟು ಸಿಹಿ ತಿನ್ನಸಬ್ಯಾಡ, ಕಾಲು ಹಿಡೀತಾವ" ಎಂದೆ. ಅವನು ನಕ್ಕ. "ಮದಿವಿ ಮನಿ ಅದರಿ. ಪ್ರೀತಿಲೆ ಕೊಡ್ತಾರ, ಬ್ಯಾಡ ಅಂತ ಹ್ಯಾಂಗ ಅನ್ನೂದು?" ಇನ್ನಷ್ಟು ಬಯ್ಯಬೇಕೆಂದಿದ್ದ ನಾನು ಗೊರಸಿನಿಂದ ಕೈ ತೆಗೆದೆ. ಅದೇ ಮಾತನ್ನು ನಾನು ಎಂಟೊಂಬತ್ತು ವರ್ಷದವಳಿದ್ದಾಗ ಎಕಂಬಾದ ನಮ್ಮ ಮನೆಯಲ್ಲಿ ಕೇಳಿದ್ದೆ.

ನನ್ನನ್ನು ಬೆಳೆಸಿದವರು ಅಜ್ಜ ಅಜ್ಜಿ, ನಮ್ಮ ಕಡೆ ಹೇಳುವಂತೆ ಮುತ್ಯಾ ಮತ್ತು ಆಯಿ. ಹನ್ನೊಂದು ಎಮ್ಮೆಗಳ ಮನೆ. ಒಂದೇ ಗೋಡೆಯ ಆಚೆ ಮಹಬೂಬ ಮಾಮುವಿನ ಮನೆ. ಅಲ್ಲಿ ಅವನು, ಅವನ ಹೆಂಡತಿ ಮುಮಾನಿ, ದೊಡ್ಡವರಾದ ಇಬ್ಬರು ಗಂಡುಮಕ್ಕಳು, ಒಂದು ಟಾಂಗಾ ಮತ್ತು ಮೆಹಂದಿ ಎಂಬ ಕೆಂಪು ಹೆಣ್ಣುಕುದುರೆ ಇದ್ದರು. ಕುದುರೆಯನ್ನೂ ಮನೆಯ ಮಂದಿಯ ಜೊತೆಗೇ ಎಣಿಸಿದ್ದಕ್ಕೆ ನಗಬೇಡಿ, ಆ ಮನೆಯಲ್ಲಿ ಎಣಿಕೆ ಹಾಗೆಯೇ ಇತ್ತು. ಮಾಮು ಔರಾದಿನ ಕಚೇರಿಗೆ ಬರುವ ಸಾಹೇಬರನ್ನು ಟಾಂಗಾದಲ್ಲಿ ಊರೂರು ತಿರುಗಿಸುತ್ತಿದ್ದ. ನಿಜಾಮರ ಕಾಲದ ಕೊನೆಯ ದಿನಗಳವು. ನಮಗೆ ಮಾತ್ರ ಅದು ಕೊನೆ ಎಂದು ಗೊತ್ತಿರಲಿಲ್ಲ.

ಹುಲ್ಲಿನ ವಿಷಯದಲ್ಲಿ ನನ್ನೊಡನೆ ಯಾರೂ ವಾದಕ್ಕೆ ಬರಬಾರದು. ನಾನು ಕಲಿತದ್ದು ಮಹಬೂಬ ಮಾಮುವಿನ ಬೆನ್ನ ಹಿಂದೆ ನಡೆದು. ಊರ ಹೊರಗೆ ಒಂದಕ್ಕೊಂದು ತಾಗಿದ್ದ ನಮ್ಮ ಮತ್ತು ಅವನ ಕಲ್ಲುನೆಲವನ್ನು ಅವನೂ ಮುತ್ಯಾನೂ ಒಂದೇ ಹುಲ್ಲುಗಾವಲು ಮಾಡಿಕೊಂಡಿದ್ದರು. ಸುಣ್ಣ ಬಳಿದ ಕಲ್ಲು ನೆಟ್ಟು ಮೂರು ಪಾಲು ಮಾಡಿದ್ದರು. ಒಂದು ಪಾಲಿಗೆ ಮೊದಲು ಕುದುರೆ ಹೋಗಬೇಕು, ಅದರ ಹಿಂದೆ ಎಮ್ಮೆಗಳು, ಆಮೇಲೆ ಹುಲ್ಲು ಮತ್ತೆ ತೆನೆ ಬಿಡುವವರೆಗೆ ಯಾರೂ ಕಾಲಿಡಬಾರದು. ಕುದುರೆಯ ನಾಲಿಗೆ ಬಲು ನಾಜೂಕು. ಗರಿಕೆಯನ್ನು ನೆಲಮಟ್ಟ ಕಚ್ಚಿ ತಿನ್ನುತ್ತದೆ, ತಾನು ಲದ್ದಿ ಹಾಕಿದ ಕಡೆಯ ಹುಲ್ಲನ್ನು ಮೂಸಿಯೂ ನೋಡುವುದಿಲ್ಲ. ಹಾಗೆ ಬಿಟ್ಟ ಹುಲ್ಲು ಅಲ್ಲಲ್ಲಿ ಎತ್ತರಕ್ಕೆ ಬೆಳೆದು ಒರಟಾಗುತ್ತದೆ. ಎಮ್ಮೆಗೆ ಅಂಥ ಸೊಕ್ಕಿಲ್ಲ, ಸಿಕ್ಕಿದ್ದನ್ನೆಲ್ಲ ನಾಲಿಗೆ ಸುತ್ತಿ ಎಳೆದು ನೆಲ ಸಮ ಮಾಡುತ್ತದೆ. ಕುದುರೆ ಇಲ್ಲದ ಗಾವಲು ಎಮ್ಮೆಗೆ ರುಚಿಸದು, ಎಮ್ಮೆ ಇಲ್ಲದ ಗಾವಲು ಕುದುರೆಗೆ ಉಳಿಯದು ಎಂದು ಇಬ್ಬರೂ ನಂಬಿದ್ದರು. ಈ ಸರದಿಗೆ ನಮ್ಮಲ್ಲಿ ಪಾಳಿ ಎನ್ನುತ್ತಿದ್ದರು. ಕುದುರೆಯ ಪಾಳಿ ಮುಗಿಯುವ ಮುಂಚೆ ಒಂದು ಎಮ್ಮೆ ಒಳನುಗ್ಗಿದರೂ ಮುತ್ಯಾ ತಾನೇ ಓಡಿಹೋಗಿ ಅದರ ಕಿವಿ ಹಿಡಿದು ಎಳೆತರುತ್ತಿದ್ದ.

ಆದರೆ ಉಣಿಸುವ ರೀತಿಯಲ್ಲಿ ಎರಡು ಮನೆಗಳಿಗೆ ಅಜಗಜಾಂತರ. ಮಾಮು ನೆನೆಸಿದ ಕಡಲೆಯನ್ನು ತಾಮ್ರದ ಬಟ್ಟಲಿನಿಂದ ಅಳೆದು, ತೋಬರಾ ಎಂಬ ಮೂತಿಚೀಲಕ್ಕೆ ಹಾಕಿ ಕುದುರೆಯ ಮುಖಕ್ಕೆ ಕಟ್ಟುತ್ತಿದ್ದ. ದುಡಿದ ದಿನ ಒಂದು ಬಟ್ಟಲು, ನಿಂತ ದಿನ ಏನೂ ಇಲ್ಲ, ಬರೀ ಕರಡ, ಅಂದರೆ ಗಾವಲಿನ ಒಣಹುಲ್ಲು. ಮೊದಲ ಮಳೆಯ ಎಳೆ ಹುಲ್ಲಿಗಂತೂ ಬಿಡುತ್ತಲೇ ಇರಲಿಲ್ಲ. "ಕುದುರಿ ಹೊಟ್ಟಿ ಸಣ್ಣದು ಬೇಟಾ. ದಿನಾ ಪೂರ ಜರಾ ಜರಾ ತಿನಬೇಕು. ಹೆಚ್ಚಾದ್ರ ಗೊರಸಿಗಿ ಇಳದು ಕಾಲು ಹಿಡೀತಾವ" ಎನ್ನುತ್ತಿದ್ದ. ನಮ್ಮ ಆಯಿಗೆ ಇದು ಜಿಪುಣತನವಾಗಿ ಕಾಣುತ್ತಿತ್ತು. ಬಂದವರಿಗೆ ಕೈಮುಚ್ಚಿ ನೀಡುವುದು ಅವಳ ಪಾಲಿಗೆ ಪಾಪ. ದಾಸೋಹ ಎಂದರೆ ಅಳೆಯದೆ ಹಾಕುವುದು, ಅದು ಮನುಷ್ಯರಿಗಾಗಲಿ ದನಗಳಿಗಾಗಲಿ ಒಂದೇ. ನಮ್ಮ ಎಮ್ಮೆಗಳು ಬಾಗಿಲಲ್ಲಿ ಹಿಡಿಸದಷ್ಟು ಹೊಟ್ಟೆ ಬಿಟ್ಟಿದ್ದವು.

ಆ ಬೇಸಿಗೆಯಲ್ಲಿ ಊರೂರಲ್ಲಿ ಅಂಜಿಕೆ ಹುಟ್ಟಿತು. ಮೊದಲು ಓಡಿದವರು ನಾವು. ನಿಜಾಮರ ಕಡೆಯ ರಜಾಕಾರರ ದಂಡು ಬರುತ್ತದೆಂದು ಸುದ್ದಿ ಬಂದಾಗ ಎಮ್ಮೆಗಳನ್ನು ಮಾಮುವಿನ ಕೈಗೆ ಒಪ್ಪಿಸಿ ಸೋಲಾಪುರ ಕಡೆಯ ನೆಂಟರ ಮನೆ ಸೇರಿದೆವು. ಬಿತ್ತನೆಯ ಹೊತ್ತಿಗೆ ಮುತ್ಯಾ ಹಟ ಹಿಡಿದು ಹಿಂದೆ ಕರೆತಂದ. ಬಂದು ನೋಡಿದರೆ ಹನ್ನೊಂದೂ ಎಮ್ಮೆಗಳು ಜೀವಂತ ಇದ್ದವು, ಮಾಮು ಮೈ ಉಜ್ಜಿ ಉಜ್ಜಿ ಕನ್ನಡಿ ಮಾಡಿದ್ದ, ಆದರೆ ಪಕ್ಕೆಲುಬು ಎಣಿಸಬಹುದಿತ್ತು. ಮಾಮು ಅವಕ್ಕೂ ತಾಮ್ರದ ಬಟ್ಟಲಿನಿಂದಲೇ ಅಳೆದು ಹಾಕಿದ್ದ! ದಿನಾ ಎರಡು ಹರದಾರಿ ನಡೆಸಿದ್ದ ಕೂಡ. ಆಯಿ ಹಣೆ ಹಣೆ ಬಡಿದುಕೊಂಡಳು. "ಎಮ್ಮಿ ಏನ್ ಟಾಂಗಾ ಎಳೀತಾದೇನೋ ಮಹಬೂಬಾ?" ಮಾಮು ತಪ್ಪು ಮಾಡಿದ ಹುಡುಗನ ಹಾಗೆ ಕಿವಿ ಹಿಡಿದುಕೊಂಡ. ಆ ಮಳೆಗಾಲವೆಲ್ಲ ಎರಡೂ ಮನೆಗಳು ಅದನ್ನು ನೆನೆಸಿ ನಕ್ಕವು.

ಆಮೇಲೆ ಭಾದ್ರಪದದಲ್ಲಿ ಭಾರತದ ಸೈನ್ಯ ಒಳಬಂದು ಪೊಲೀಸ್ ಆ್ಯಕ್ಷನ್ ಆಯಿತು. ನಾಲ್ಕೈದು ದಿನಗಳಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. ಅಂಜಿಕೆ ಮಾತ್ರ ಮುಗಿಯಲಿಲ್ಲ, ಒಂದು ಮನೆಯಿಂದ ಎದ್ದು ಪಕ್ಕದ ಮನೆಗೆ ಹೋಯಿತು. ಈಗ ಓಡಬೇಕಾದವರು ಅವರು. ಒಂದು ಮುಂಜಾನೆ ಎಮ್ಮೆ ಹಿಂಡುವ ಹೊತ್ತಿಗೆ ಮಾಮು ಮೆಹಂದಿಯ ಹಗ್ಗ ಹಿಡಿದು ನಮ್ಮ ಅಂಗಳಕ್ಕೆ ಬಂದ. ಬಾಗಿಲಾಚೆ ಮುಮಾನಿ ಮತ್ತು ಇಬ್ಬರು ಮಕ್ಕಳು ಗಂಟು ಹೊತ್ತು ನಿಂತಿದ್ದರು. "ಟಾಂಗಾ ಕಂಡ್ರ ಯಾರದಂತ ಎಲ್ಲರಿಗಿ ಗೊತ್ತಾಗ್ತದ ಕಾಕಾ. ಹೊಲಾ ಹಾದು ನಡಕೊಂತ ಹೋಗ್ತೇವಿ. ಈಕಿನ್ನ ನೋಡ್ಕೊಳ್ರಿ" ಎಂದ. ಮುತ್ಯಾ ಹಗ್ಗ ಇಸಿದುಕೊಂಡ. ಮಾಮು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು ತಾಮ್ರದ ಬಟ್ಟಲನ್ನು ನನ್ನ ಕೈಗಿಟ್ಟ. "ನೀಲಾ ಬೇಟಾ, ನಿಂಗ ಎಲ್ಲಾ ಗೊತ್ತದ. ನಿಂತ ಕುದುರೀಗಿ ಕಾಳು ಬ್ಯಾಡ. ಕರಡ ಹಾಕು, ನೀರು ಕುಡಿಸು, ಬಸ್." ನಾನು ದೊಡ್ಡವಳ ಹಾಗೆ ತಲೆ ಆಡಿಸಿದೆ.

ಆ ಬಟ್ಟಲನ್ನು ಆಯಿ ಮೂರನೆಯ ದಿನವೇ ಅಟ್ಟದ ಮೇಲಿಟ್ಟಳು. ಮೆಹಂದಿ ಬಾಗಿಲ ಕಡೆ ಮುಖ ಮಾಡಿ ಕೆನೆಯುತ್ತಿತ್ತು. ಆಯಿಗೆ ಅದು ಹಸಿವಿನ ಕೂಗಾಗಿ ಕೇಳಿಸಿತು. ಕಡಲೆ ನೆನೆಹಾಕಿದಳು, ಹಿಂಡಿ ಕಲಸಿದಳು, ಜೋಳದ ನುಚ್ಚು ಬೇಯಿಸಿದಳು. ಮಾಮು ಬೇಡ ಎಂದಿದ್ದಾನೆ ಎಂದು ನಾನು ಒಮ್ಮೆ ಹೇಳಿದೆ. "ಮಂದಿ ನಂಬಿ ಬಿಟ್ಟ ಮೂಕ ಜೀವ. ಬಾಯಿ ತೆಗದು ಕೇಳ್ಲತ್ತದ, ಬ್ಯಾಡ ಅಂತ ಹ್ಯಾಂಗ ಅನ್ನೂದು?" ಎಂದಳು. ಅದೇ ವಾರ ಇಬ್ಬರು ಗಂಡಸರು ಕೋಲು ಹಿಡಿದು ಬಂದು ಈ ಕುದುರೆ ಯಾರದೆಂದು ಕೇಳಿದರು. ಹಿಂಡಿ ಕಲಸುತ್ತಿದ್ದ ಆಯಿ ತಲೆ ಎತ್ತಲಿಲ್ಲ. "ನಮ್ಮ ಮನ್ಯಾಗ ಉಣ್ತದ, ನಮ್ಮದೇ" ಎಂದಳು. ಅವರು ಮುತ್ಯಾನ ಮುಖ ನೋಡಿ ಹೋದರು. ಅವತ್ತಿನಿಂದ ಆಯಿ ಇನ್ನೂ ಹೆಚ್ಚು ಹಾಕತೊಡಗಿದಳು.

ಇನ್ನೊಂದು ಮಾತನ್ನು ನಾನು ಹೇಳಲೇಬೇಕು. ಆಯಿ ಹಾಕಿದ್ದು ಎಲ್ಲರಿಗೂ ಕಾಣುತ್ತಿತ್ತು, ನಾನು ಹಾಕಿದ್ದು ಯಾರಿಗೂ ಕಾಣಲಿಲ್ಲ. ದಿನಾ ಮಧ್ಯಾಹ್ನ ಆಯಿ ಅಡ್ಡಾದಾಗ ಗಡಿಗೆಯಿಂದ ಬೆಲ್ಲ ಮುರಿದುಕೊಂಡು ಹೋಗಿ ಮೆಹಂದಿಗೆ ತಿನ್ನಿಸುತ್ತಿದ್ದೆ. ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ. ಎಲ್ಲಾ ಗೊತ್ತದ ಎಂದು ಮಾಮುವೇ ಹೇಳಿ ಹೋಗಿದ್ದ. ಬೆಲ್ಲ ತಿಂದಾಗ ಮಾತ್ರ ಅದು ಬಾಗಿಲ ಕಡೆ ನೋಡುವುದನ್ನು ಬಿಟ್ಟು ನನ್ನ ಕಡೆ ನೋಡುತ್ತಿತ್ತು, ಅಷ್ಟೇ.

ಇಪ್ಪತ್ತನೆಯ ದಿನವೋ ಏನೋ, ಬೆಳಿಗ್ಗೆ ಮೆಹಂದಿ ಹೆಜ್ಜೆ ಕಿತ್ತಿಡಲಿಲ್ಲ. ಮುಂಗಾಲುಗಳನ್ನು ಮುಂದೆ ಚಾಚಿ, ಮೈಭಾರವನ್ನೆಲ್ಲ ಹಿಂದಕ್ಕೆ ಎಳೆದುಕೊಂಡು ನಡುಗುತ್ತ ನಿಂತಿತ್ತು. ಗೊರಸಿನ ಮೇಲೆ ಕೈ ಇಟ್ಟೆ. ಹಂಚಿನಿಂದ ಆಗ ತೆಗೆದ ರೊಟ್ಟಿಯಷ್ಟು ಬಿಸಿ. ಮಾಮು ಬಂದು ಕೇಳಿದರೆ ಏನು ಹೇಳುವುದು? ಅವನ ಮನೆ ಬರಿದಾಗಿ ಬಿದ್ದಿತ್ತು, ಟಾಂಗಾವನ್ನು ಯಾರೋ ಸುಟ್ಟಿದ್ದರು, ಉಳಿದದ್ದು ಇದೊಂದೇ ಜೀವ. ನಾನು ಅಳುತ್ತ ಕೂಗಿದೆ, "ಕಾಳು ಬಂದ್ ಮಾಡು ಆಯಿ! ಕಾಳು ತಿಂದೇ ಕಾಲು ಹಿಡದಾವ!" ಆಯಿಯ ಕೈಯಲ್ಲಿ ನುಚ್ಚಿನ ಬುಟ್ಟಿ ಇತ್ತು. ಅವಳು ಒಮ್ಮೆ ಬುಟ್ಟಿ ನೋಡಿದಳು, ಒಮ್ಮೆ ಕುದುರೆ ನೋಡಿದಳು, ಬುಟ್ಟಿಯನ್ನು ಮೆಲ್ಲಗೆ ಕೆಳಗಿಟ್ಟಳು. ಜೀವಮಾನದಲ್ಲಿ ನೀಡಲು ತಂದದ್ದನ್ನು ಅವಳು ಹಿಂದಕ್ಕಿಟ್ಟದ್ದು ಅದೊಂದೇ ಸಲ ಇರಬೇಕು.

ಮಾಮು ಹೇಳಿಕೊಟ್ಟಿದ್ದನ್ನು ಒಂದೊಂದಾಗಿ ನೆನಪು ಮಾಡಿಕೊಂಡು ಹೇಳಿದೆ, ದೊಡ್ಡವರು ಕೇಳಿದರು. ಹಿತ್ತಲ ಹಿಂದೆಯೇ ಹಳ್ಳ. ಅಷ್ಟು ದೂರ ಹೋಗಲು ಅರ್ಧ ತಾಸು ಹಿಡಿಯಿತು. ತಣ್ಣನೆ ಕೆಸರಿನಲ್ಲಿ ಮೆಹಂದಿಯನ್ನು ನಿಲ್ಲಿಸಿ ಮುತ್ಯಾ ಪಕ್ಕದಲ್ಲೇ ಧೋತರ ಎತ್ತಿ ಕಟ್ಟಿ ನಿಂತ. ತಿನ್ನಲು ಹಳೆಯ ಕರಡ ಮಾತ್ರ, ಅದನ್ನೂ ನೀರಲ್ಲಿ ನೆನೆಸಿ, ಸತ್ವ ಇಳಿಸಿ, ನೀರು ಬಸಿದು ಹಾಕುತ್ತಿದ್ದೆವು. ಆಯಿ ದಿನಾ ಪೂಜೆ ಮುಗಿಸಿ ಬಂದು ಅದರ ಹಣೆಗೆ ವಿಭೂತಿ ಹಚ್ಚಿ, "ತಪ್ಪಾತು ನಮ್ಮವ್ವಾ" ಎನ್ನುತ್ತಿದ್ದಳು. ನಾನು ಪಕ್ಕದಲ್ಲೇ ಇದ್ದೆ, ಬೆಲ್ಲದ ಮಾತು ನಾಲಿಗೆಯ ತುದಿಗೆ ಬಂದು ಹಿಂದೆ ಹೋಗುತ್ತಿತ್ತು. ಹನ್ನೊಂದನೆಯ ದಿನ ಮೆಹಂದಿ ತಾನಾಗಿ ಎರಡು ಹೆಜ್ಜೆ ನಡೆದು ಗರಿಕೆಗೆ ಬಾಯಿ ಹಾಕಿತು.

ಮಾರ್ಗಶಿರದ ಒಂದು ನಡುಮಧ್ಯಾಹ್ನ ಮಾಮು ಮತ್ತು ಮುಮಾನಿ ಬಂದರು. ಹೋಗುವಾಗ ನಾಲ್ವರು, ಬಂದವರು ಇಬ್ಬರು. ಹುಡುಗರೆಲ್ಲಿ ಎಂದು ಆಯಿ ಕೇಳಲಿಲ್ಲ, ಮುಮಾನಿಯ ಮುಖವೇ ಎಲ್ಲ ಹೇಳುತ್ತಿತ್ತು. ಮಾಮು ನೇರ ಮೆಹಂದಿಯ ಹತ್ತಿರ ಹೋದ. ಅದು ಅವನ ಎದೆಗೆ ತಲೆ ಒತ್ತಿತು. ಅವನು ರೂಢಿಯಂತೆ ಬೆನ್ನು, ಕಾಲು ಸವರುತ್ತ ಕೆಳಗಿಳಿದು ಗೊರಸಿನ ಹತ್ತಿರ ಕೂತುಬಿಟ್ಟ. ಮುಂಗಾಲ ಗೊರಸುಗಳ ಮೇಲೆ, ಕೂದಲಂಚಿನಿಂದ ಒಂದು ಬೆರಳು ಕೆಳಗೆ, ಅಡ್ಡಕ್ಕೆ ಉಬ್ಬಿದ ಒಂದು ಗೆರೆ ಇತ್ತು. ಕುದುರೆಯ ಗೊರಸು ನಮ್ಮ ಉಗುರಿನ ಹಾಗೆ ಮೇಲಿನಿಂದ ಕೆಳಗೆ ಬೆಳೆಯುತ್ತದೆ, ಹೊಟ್ಟೆ ಕೆಟ್ಟರೆ ಗುರುತು ಅಲ್ಲಿ ಉಳಿಯುತ್ತದೆ. ಮಾಮು ಹೆಬ್ಬೆರಳಿನಿಂದ ಅದನ್ನು ಎರಡು ಸಲ ಉಜ್ಜಿದ.

"ನಾನೇ ಹಾಕ್ದೆ ಮಹಬೂಬಾ" ಎಂದಳು ಆಯಿ. "ಕಡಲಿ, ಹಿಂಡಿ, ನುಚ್ಚು. ನಿನ್ನ ಅಳತಿ ಕೇಳ್ಲಿಲ್ಲ. ತಪ್ಪು ನಂದು."

ಮಾಮು ಕೂತಲ್ಲಿಂದಲೇ ತಲೆ ಎತ್ತಿದ. "ದಾರೀ ತುಂಬ ಒಂದೇ ಚಿಂತಿ ಇತ್ತು ಆಯಿ. ನನ್ನ ಕುದುರಿಗಿ ಯಾರ ಹುಲ್ಲು ಹಾಕ್ತಾರ, ಉಪಾಸ ಸತ್ತಿರತದ ಅಂತ ಅಳಕೊಂತ ಬಂದೆ. ಇಲ್ಲಿ ನೋಡಿದ್ರ ಈಕಿ ಉಂಡು ಉಂಡು ಬ್ಯಾನಿ ಬಿದ್ದಾಳ!" ಎಂದು ನಕ್ಕ. ನಗುನಗುತ್ತಲೇ ಆ ಗೊರಸಿನ ಮೇಲೆ ಹಣೆ ಇಟ್ಟು ಬಿಕ್ಕಿ ಬಿಕ್ಕಿ ಅತ್ತ. ದೊಡ್ಡ ಗಂಡಸೊಬ್ಬ ಹಾಗೆ ಅಳುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆಯಿ ಒಳಗೆ ಹೋಗಿ ಬುಟ್ಟಿ ತುಂಬ ರೊಟ್ಟಿ ತಂದು ಇಬ್ಬರ ಮುಂದಿಟ್ಟಳು. ಆ ದಿನ ಅಳತೆಯ ಮಾತು ಯಾರೂ ಎತ್ತಲಿಲ್ಲ.

ಯುಗಾದಿಯ ಸುಮಾರಿಗೆ ಅವರು ಮೆಹಂದಿಯನ್ನೂ ಕರೆದುಕೊಂಡು ಹೈದರಾಬಾದಿಗೆ ಹೊರಟರು. ಮಕ್ಕಳಿಲ್ಲದ ಆ ಮನೆಯಲ್ಲಿ ಮುಮಾನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಹೊರಡುವ ಮುನ್ನ ನಾನು ಗೆರೆಯನ್ನು ಬೆರಳಲ್ಲಿ ಅಳೆದೆ, ಅದು ಗೊರಸಿನ ನಡುಮಟ್ಟಕ್ಕೆ ಇಳಿದಿತ್ತು. ತಾಮ್ರದ ಬಟ್ಟಲನ್ನು ಹಿಂದಕ್ಕೆ ಕೊಡಲು ಹೋದರೆ ಮಾಮು ನನ್ನ ಕೈ ಮುಚ್ಚಿಸಿ, "ಇರಲಿ ಬೇಟಾ, ನಿಂಗ ಬೇಕಾಗ್ತದ" ಎಂದ. ಆ ವರ್ಷದ ಮಳೆಗಾಲದಲ್ಲಿ, ಕುದುರೆ ಇಲ್ಲದಿದ್ದರೂ, ಮುತ್ಯಾ ಮೊದಲಿನಂತೆಯೇ ಕುದುರೆಯ ಪಾಳಿಗೆ ಜಾಗ ಬಿಟ್ಟ. ಎಂಟು ದಿನ ಯಾವ ಎಮ್ಮೆಯೂ ಸುಣ್ಣದ ಕಲ್ಲು ದಾಟಲಿಲ್ಲ, ಹುಲ್ಲು ಸುಮ್ಮನೆ ಬೆಳೆದು ಒರಟಾಯಿತು. ಹಾಗೆ ಬಿಟ್ಟರೆ ಗಾವಲು ಕೆಡುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಈಗ ಅಲ್ಲಿ ಮನೆಗಳೆದ್ದಿವೆ, ಊರೊಳಗೆ ಎರಡು ಮನೆಗಳ ನಡುವಿನ ಆ ಒಂದೇ ಗೋಡೆಯೂ ಇಲ್ಲ. ನಿಮ್ಮೂರಿನಲ್ಲೂ ಹೀಗೆ ಯಾವುದೋ ಗೋಡೆ ಹೋಗಿರುತ್ತದೆ, ನಾನು ಹೇಳಿದ್ದು ನಿಮಗೆ ತಿಳಿಯುತ್ತದೆ.

ಬೆಲ್ಲದ ಮಾತನ್ನು ನಾನು ಆಯಿಗೆ ಹೇಳಿದ್ದು ನನಗೆ ಮದುವೆಯಾಗಿ ಮಕ್ಕಳಾದ ಮೇಲೆ. ಅವಳು ಜೋಳ ಹಸನು ಮಾಡುತ್ತಿದ್ದವಳು ಮೊರ ನಿಲ್ಲಿಸಲಿಲ್ಲ. "ಗಡಗಿ ನಂದೇ ಅಲ್ಲೇನ, ನಂಗ ಗೊತ್ತಾಗಲ್ಲಾ?" ಎಂದಳು. ಮಾಮುವಿಗೆ ಹೇಳಲು ಆಗಲಿಲ್ಲ. ಆ ಗೆರೆ ದಿನಕ್ಕಿಷ್ಟು ಇಳಿಯುತ್ತ ಮುಂದಿನ ಶ್ರಾವಣದ ಹೊತ್ತಿಗೆ ನೆಲ ಮುಟ್ಟಿರಬೇಕು ಎಂದು ಲೆಕ್ಕ ಹಾಕಿದ್ದೇನೆ. ಹೈದರಾಬಾದಿನ ಯಾವುದೋ ಗಲ್ಲಿಯಲ್ಲಿ ಲಾಳ ಬಡಿಯುವವನೊಬ್ಬ ಮೆಹಂದಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಅದು ಯಾವ ಮನೆಯ ಅನ್ನ ಎಂದು ತಿಳಿಯದೆ, ಅರ ಹಿಡಿದು ಆ ಗೆರೆಯನ್ನು ಉಜ್ಜಿ ಹಾಕಿರಬೇಕು.