ಕೆಲಸವಿಲ್ಲದ ಅತಿಥಿ

ಗಾಜು ಹಾಕಿಸಿ ಗೋಡೆಗೆ ನೇತುಹಾಕಿದ ಬಿನ್ನವತ್ತಳೆ ಕಂಡರೆ ನನಗೆ ಮೈ ಉರಿಯುತ್ತದೆ. ನಿಮ್ಮ ಮನೆಯಲ್ಲೂ ಒಂದಿದ್ದರೆ ಬೇಕಾದರೆ ಜಗಳಕ್ಕೆ ಬನ್ನಿ, ನಾನು ತಯಾರಿದ್ದೇನೆ. ನಮ್ಮ ಹುಣಸೂರಿನಲ್ಲಿ ಅಮಲ್ದಾರರು ಬಂದರೂ ಬಿನ್ನವತ್ತಳೆ, ವರ್ಗವಾಗಿ ಹೋದರೂ ಬಿನ್ನವತ್ತಳೆ. ಬಣ್ಣದ ಕಾಗದಕ್ಕೆ ಬಳ್ಳಿಯ ಅಂಚು ಹಾಕಿಸಿ, ಆ ಮನುಷ್ಯನ ಚರಿತ್ರೆಯನ್ನು ಅವನ ಎದುರಿಗೇ ಪದ್ಯದಲ್ಲಿ ಓದುತ್ತಾರೆ. ಅವನು ತಲೆ ತಗ್ಗಿಸಿಕೊಂಡು ಬೇರೆ ಯಾರದೋ ಕಥೆ ಕೇಳುವವನಂತೆ ಕೇಳುತ್ತಾನೆ. ಅದು ಬಹುಮಟ್ಟಿಗೆ ಬೇರೆಯವರ ಕಥೆಯೇ ಆಗಿರುತ್ತದೆ ಅನ್ನಿ.

ಇದು ಹಳೆಯ ಕಾಯಿಲೆ. ನಾಲ್ಕು ಹಳ್ಳಿ ಆಳುತ್ತಿದ್ದ ಪಾಳೆಯಗಾರನನ್ನು ಹಿಂದಿನ ಕವಿಗಳು ಸಮುದ್ರದ ತನಕ ಆಳುವವನೆಂದು ಹೊಗಳಿದರು. ಪಾಪ, ಅವನು ಸಮುದ್ರ ನೋಡಿದವನೇ ಅಲ್ಲ. ಆದರೆ ಆ ಕವಿಗಳು ಹೊಗಳಿ ಹೊಟ್ಟೆ ತುಂಬಿಸಿಕೊಂಡರು. ನನ್ನ ಗೆಳೆಯ ಮಹದೇವಪ್ಪ ಊರಿನ ಎಲ್ಲ ಬಿನ್ನವತ್ತಳೆಗಳನ್ನೂ ಬರೆದು, ಅಣ್ಣನ ಹೊಗೆಸೊಪ್ಪಿನ ಮಂಡಿಯಲ್ಲಿ ಕೂತು ಸೀನುತ್ತಿದ್ದ. ಬಿನ್ನವತ್ತಳೆಯ ಆಚೆಗೆ ಅವನು ಬರೆದ ಪದ್ಯಗಳು ಬೇರೆಯೇ ಇದ್ದವು, ಓದಿದರೆ ಆ ಹೊತ್ತಿಗೆ ಊಟ ಬೇಡವೆನ್ನಿಸುವಂಥವು. ಮೈಸೂರಿನ ಒಂದು ವಾರಪತ್ರಿಕೆ ಅವುಗಳನ್ನು ನೋಡಿ, ಬಂದು ನಮ್ಮಲ್ಲೇ ಕೆಲಸ ಮಾಡಿ ಎಂದು ಕರೆದಿತ್ತು.

ಅಣ್ಣ ಚನ್ನಬಸಪ್ಪನವರು ಬಿಡಬೇಕಲ್ಲ. ನಾನು ಹೈಸ್ಕೂಲಿನ ಇಂಗ್ಲಿಷ್ ಮೇಷ್ಟರು, ನನ್ನ ಮಾತಿಗೆ ಬೆಲೆಯಿದೆ ಎಂಬ ಭ್ರಮೆಯಿಂದ ಹೋಗಿ ಕೇಳಿದೆ. ಅವರು ನಗುತ್ತಾ, "ಪದ್ಯ ಬರ್ದು ಅನ್ನ ತಿಂದೋನ್ನ ಒಬ್ಬನ್ನ ತೋರ್ಸಿ ಮೇಷ್ಟ್ರೇ. ಆವತ್ತೇ ಕಳುಸ್ಬುಡ್ತೀನಿ" ಎಂದರು. ಪಿರಿಯಾಪಟ್ಟಣ, ಕೋಟೆ, ಕೃಷ್ಣರಾಜನಗರ ಅಂತ ಸುತ್ತಲಿನ ತಾಲ್ಲೂಕುಗಳನ್ನೆಲ್ಲ ಜಾಲಾಡಿದರೂ ಅಂಥವನು ಸಿಗಲಾರ ಎಂಬ ಧೈರ್ಯ ಅವರದು.

ಅಂಥವನು ಅಮೆರಿಕದಿಂದಲೇ ಬಂದುಬಿಟ್ಟ. ಕಾಕನಕೋಟೆಯಲ್ಲಿ ಆನೆ ಹಿಡಿಯುವ ಖೆಡ್ಡಾ ನೋಡಿಕೊಂಡು ಮಡಿಕೇರಿಗೆ ಹೋಗುವ ಒಬ್ಬ ಅಮೆರಿಕನ್ ಕವಿ ನಮ್ಮೂರಿನಲ್ಲಿ ಕಾಫಿಗೆ ನಿಲ್ಲುತ್ತಾನೆ ಎಂದು ಮೈಸೂರಿನ ನನ್ನ ಪ್ರೊಫೆಸರರು ಹೇಳಿಕಳಿಸಿದರು. ಅವನ ಚರಿತ್ರೆಯನ್ನೂ ಹೇಳಿಕಳಿಸಿದ್ದರು. ಬಡಗಿಯ ಮಗ. ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತನಾಗಿದ್ದವನು ಒಂದು ದಿನ ಕೆಲಸ ಬಿಟ್ಟು ಊರೂರಿಗೆ ಹೋಗಿ ಪದ್ಯ ಓದಲು ಶುರುಮಾಡಿದ. ಮೊದಮೊದಲು ಖಾಲಿ ಕುರ್ಚಿಗಳಿಗೆ ಓದಿದ. ಈಗ ಜನ ಟಿಕೆಟ್ಟು ಕೊಂಡು ಕೇಳುತ್ತಾರೆ, ಹೆಂಗಸರು ಅವನ ಸಾಲುಗಳನ್ನು ಕತ್ತರಿಸಿ ಅಡುಗೆಮನೆಯಲ್ಲಿ ಅಂಟಿಸಿಕೊಳ್ಳುತ್ತಾರೆ. ಬೇರೆ ಕಸುಬಿಲ್ಲ, ಹೊಟ್ಟೆಗೆ ಕೊರತೆಯೂ ಇಲ್ಲ. ಮಹದೇವಪ್ಪ ಇದನ್ನು ನನ್ನಿಂದ ಮತ್ತೆ ಮತ್ತೆ ಹೇಳಿಸಿ ಕೇಳಿದ. ಆಮೇಲೆ ಬಾಗಿಲು ಹಾಕಿಕೊಂಡು ತನ್ನ ಜೀವಮಾನದ ಅತ್ಯುತ್ತಮ ಬಿನ್ನವತ್ತಳೆ ಬರೆದ.

ಆದರೆ ಬಿನ್ನವತ್ತಳೆ ಅಚ್ಚಿಗೆ ಹೋಗುವ ಮುನ್ನ ಸ್ವಾಗತ ಸಮಿತಿ ಅದನ್ನು ತಿದ್ದಬೇಕು, ಅದು ನಮ್ಮೂರ ಪದ್ಧತಿ. ಸಮಿತಿಯ ಅಧ್ಯಕ್ಷರು ಚನ್ನಬಸಪ್ಪನವರೇ. ನೌಕರಿ ಬಿಟ್ಟ ಪದ್ಯಕ್ಕೆ ಬಂದಾಗ ಅವರು ಗಾಬರಿಯಾದರು.

"ಮನೆಗೆ ಬಂದ ನೆಂಟನ್ನ ಕೆಲ್ಸ ಇಲ್ದೋನು ಅಂತ ಸಭೇಲಿ ಓದೋದಾ ಮೇಷ್ಟ್ರೇ? ಅವರ ಮರ್ವಾದೆ ಏನಾಗ್ಬೇಕು?"

"ಅದೇ ಅವರ ಹೆಚ್ಚುಗಾರಿಕೆ, ಸಾಹುಕಾರ್ರೇ."

"ನೀವು ಸುಮ್ಕಿರಿ. ಇಷ್ಟು ದೂರದಿಂದ ಬತ್ತಾವ್ರೆ."

ಎಲ್ಲರೂ ಹೌದು ಹೌದು ಅಂದರು. ಒಂದೇ ಪದ್ಯ ಬದಲಾಯಿತು. ಅತಿಥಿಗಳು ರೈಲ್ವೆಯ ಉನ್ನತಾಧಿಕಾರಿಗಳಾಗಿ ನಿವೃತ್ತರಾಗಿ, ವಿಶ್ರಾಂತಿ ಕಾಲದಲ್ಲಿ ಕಾವ್ಯಾಸಕ್ತರಾದರು. ಚನ್ನಬಸಪ್ಪನವರು ಬೇಕೆಂದೇ ಹೀಗೆ ಮಾಡಿದರೆಂದು ನಾನು ಮೊದಲು ಅನುಮಾನಪಟ್ಟೆ. ಇಲ್ಲ, ನಿಜವಾದ ಮರ್ಯಾದೆಯಿಂದಲೇ ಮಾಡಿದ್ದರು. ನನ್ನ ಸಿಟ್ಟು ಇನ್ನಷ್ಟು ಏರಿತು. ಕೆಟ್ಟವರ ಮೇಲೆ ಸಿಟ್ಟು ಬಂದರೆ ಬೈದು ಹಗುರಾಗಬಹುದು. ಒಳ್ಳೆಯವರ ಮೇಲೆ ಬಂದ ಸಿಟ್ಟನ್ನು ಎಲ್ಲಿ ಇಳಿಸುವುದು? ನಾನು ಮನೆಗೆ ಹೋಗಿ ಹೆಂಡತಿಯ ಮೇಲೆ ಇಳಿಸಿದೆ. ಅವಳು ಅದನ್ನು ಬಡ್ಡಿಸಮೇತ ಹಿಂದಿರುಗಿಸಿದಳು.

ಸಭೆಯ ದಿನ ಮಹದೇವಪ್ಪನೇ ಓದಬೇಕಾಯಿತು. ಆ ಪದ್ಯಕ್ಕೆ ಬಂದಾಗ ಅವನ ದನಿ ಕುಗ್ಗಿತು. ಅಮೆರಿಕದವನು ಏನೆಂದು ಕೇಳಿದ, ದುಭಾಷಿಯಾಗಿ ಪಕ್ಕದಲ್ಲಿ ಕೂತಿದ್ದ ನಾನು ಹಲ್ಲು ಕಚ್ಚಿಕೊಂಡು ಇಂಗ್ಲಿಷಿನಲ್ಲಿ ಹೇಳಿದೆ. ಅವನಿಗೆ ನಗು ತಡೆಯಲಾಗಲಿಲ್ಲ. ಎದ್ದು ನಿಂತು ಹೇಳಿದ: ನಾನು ಅಧಿಕಾರಿಯಲ್ಲ, ಗುಮಾಸ್ತನಾಗಿದ್ದೆ, ಅದನ್ನೂ ಬಿಟ್ಟೆ, ಪದ್ಯವೇ ನನಗೆ ಅನ್ನ ಕೊಟ್ಟಿದೆ. ಇದನ್ನು ನಾನು ಕನ್ನಡದಲ್ಲಿ ಎಷ್ಟು ಜೋರಾಗಿ ಹೇಳಿದೆನೆಂದರೆ ಮೈಸೂರು ದಾರಿಯ ಬಿಳಿಕೆರೆಗೂ ಕೇಳಿಸಿರಬೇಕು. ಹೇಳಿ, ಚನ್ನಬಸಪ್ಪನವರ ಮುಖವನ್ನೇ ನೋಡಿದೆ.

ಅವರು ವಂದನೆ ಹೇಳಲು ಎದ್ದರು. ಕಣ್ಣು ತುಂಬಿತ್ತು. "ನೋಡ್ರಪ್ಪಾ, ವಿನಯ ಅಂದ್ರೆ ಇದು. ಅಷ್ಟು ದೊಡ್ಡ ಉದ್ದೇಲಿದ್ರೂ ಗುಮಾಸ್ತ ಅಂತ ಏಳ್ಕತಾವ್ರಲ್ಲ" ಎಂದರು. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ನನಗೆ ಆ ಮೇಜನ್ನು ಮಗುಚಿಹಾಕಬೇಕೆನ್ನಿಸಿತು. ಸತ್ಯವನ್ನು ಸುಳ್ಳೆಂದವರ ಜೊತೆ ವಾದಿಸಬಹುದು, ಅದಕ್ಕೆ ಹಾರ ಹಾಕಿದವರ ಜೊತೆ ಹೇಗೆ ವಾದಿಸುವುದು?

ಕಾರು ಹತ್ತುವ ಮುಂಚೆ ಅತಿಥಿ ಮಹದೇವಪ್ಪನ ಕೈಹಿಡಿದು, ನೀವು ಏನು ಮಾಡುತ್ತೀರಿ ಎಂದು ಕೇಳಿದ. ನಾನು ಕನ್ನಡದಲ್ಲಿ ಹೇಳಿ ಮುಗಿಸುವುದರೊಳಗೆ ಅಣ್ಣ, "ಒಗೆಸೊಪ್ಪಿನ ಮಂಡಿ ಐತೆ ಅನ್ನಿ" ಎಂದರು.

ಮಹದೇವಪ್ಪ ಅಣ್ಣನ ಕಡೆ ನೋಡಲಿಲ್ಲ. "ಪದ್ಯ ಬರೀತೀನಿ ಅನ್ನಿ ಮೇಷ್ಟ್ರೇ. ಬೇರೆ ಕೆಲ್ಸ ಇಲ್ಲ ಅನ್ನಿ" ಎಂದ. ಅಣ್ಣನೆದುರು ಅವನು ಹಾಗೆ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅವನು ಹೇಳಿದ್ದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಚನ್ನಬಸಪ್ಪನವರ ಮುಖ ಸುಟ್ಟ ಬದನೆಕಾಯಿಯಂತಾಯಿತು.

ಮುಂದಿನ ವಾರ ಮಹದೇವಪ್ಪ ಯಾರ ಅಪ್ಪಣೆಯನ್ನೂ ಕೇಳದೆ ಮೈಸೂರಿನ ಬಸ್ಸು ಹತ್ತಿದ. ಮಂಡಿಗೆ ಬಂದವರೆಲ್ಲ ತಮ್ಮ ಎಲ್ಲಿ ಎಂದು ಕೇಳಿದರೆ ಅಣ್ಣ, "ಮೈಸೂರ್ನಲ್ಲಿ ನಮ್ಮ ಮಂಡಿ ಬ್ರಾಂಚು ನೋಡ್ಕತಾವ್ನೆ. ಬಿಡುವಾದಾಗ ಅದೇನೋ ಬರೀತಾನೆ" ಎನ್ನುತ್ತಿದ್ದರು. ಮೈಸೂರಿನಲ್ಲಿ ಅವರಿಗೆ ಬ್ರಾಂಚೂ ಇರಲಿಲ್ಲ, ಬೇರೂ ಇರಲಿಲ್ಲ. ನಾನು ತಡೆಯಲಾರದೆ ಜಗಳಕ್ಕೇ ಹೋದೆ. ಯಾಕೆ ಹೀಗೆ ಸುಳ್ಳು ಹೇಳುತ್ತೀರಿ ಎಂದೆ.

"ಕೆಲ್ಸ ಇಲ್ದೋನು ಅಂತ ನಮ್ಮುಡುಗನ್ನ ಜನ ಅನ್ಬಾರ್ದಲ್ವಾ ಮೇಷ್ಟ್ರೇ" ಎಂದರು. ಹೇಳುತ್ತಲೇ ಯಾವುದೋ ಹಳೆಯ ಪತ್ರಿಕೆ ಹರಿದು ಗಿರಾಕಿಗೆ ಹೊಗೆಸೊಪ್ಪು ಕಟ್ಟಿಕೊಟ್ಟರು. ಪಕ್ಕದಲ್ಲಿ ತಮ್ಮನ ವಾರಪತ್ರಿಕೆಗಳು ಒಂದರ ಮೇಲೊಂದು ಜೋಡಿಸಿಟ್ಟಿದ್ದವು. ಅವುಗಳ ಒಂದು ಹಾಳೆಯನ್ನೂ ಅವರು ಹರಿದಿರಲಿಲ್ಲ.

ಇಂಥವರ ಮೇಲೆ ಎಷ್ಟು ದಿನ ಸಿಟ್ಟಿಟ್ಟುಕೊಳ್ಳಲಾದೀತು, ನೀವೇ ಹೇಳಿ. ನಾನಂತೂ ಇನ್ನೂ ಇಟ್ಟುಕೊಂಡಿದ್ದೇನೆ.