ಬಂಡೆಯ ಮೇಲಿನ ಕೋಸು

ತಾಳವಾಡಿ ಬೆಟ್ಟದಲ್ಲಿ ನಿನಗೆ ಎಷ್ಟು ಭೂಮಿ ಇತ್ತು ಎಂದು ಯಾರಾದರೂ ಕೇಳಿದರೆ ನಾನು ಎರಡೂ ಕೈ ಚಾಚಿ ತೋರಿಸುತ್ತೇನೆ. ಉದ್ದ ಇಷ್ಟು, ಅಗಲ ಅದರ ಅರ್ಧ. ಅದೂ ಭೂಮಿಯ ಮೇಲಿರಲಿಲ್ಲ, ಬಂಡೆಯ ಮೇಲಿತ್ತು. ನಗುವವರು ನಗಲಿ. ಎಕರೆಗಟ್ಟಲೆ ಇದ್ದವರ ಮನೆಯಿಂದಲೂ ಒಂದು ಹಿಡಿ ಕೊತ್ತಂಬರಿ ಕೊಡು ಎಂದು ನನ್ನ ಹಿತ್ತಲಿಗೆ ಬಂದು ನಿಂತದ್ದಿದೆ.

ನಾನು ಹುಟ್ಟಿದ್ದು ಗೆಟ್ಟವಾಡಿ ಕಡೆ. ಮದುವೆಯಾಗಿ ಬಂದದ್ದು ದೊಡ್ಡಗಾಜನೂರಿನಾಚೆಯ ಒಂದು ಸಣ್ಣ ಊರಿಗೆ, ಎಪ್ಪತ್ತರ ದಶಕದ ನಡುವಿನಲ್ಲಿ. ಅಪ್ಪನ ಮನೆಯಲ್ಲಿ ಹೊಲ ಇರಲಿಲ್ಲ, ಗಂಡನ ಮನೆಯಲ್ಲೂ ಇರಲಿಲ್ಲ, ಹಾಗಾಗಿ ಆ ವಿಷಯದಲ್ಲಿ ನನಗೆ ಮೋಸವೇನೂ ಆಗಲಿಲ್ಲ. ಇಬ್ಬರೂ ಕೂಲಿ. ಗಂಡನನ್ನು ನೀನು, ಅವನು ಎಂದೇ ಮಾತಾಡಿಸುವ ಮನೆತನ ನಮ್ಮದು, ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಎಂಟನೇ ಕ್ಲಾಸಿನವರೆಗೆ ಕನ್ನಡ ಶಾಲೆಗೆ ಹೋಗಿದ್ದೆ. ಅಲ್ಲಿಂದ ಉಳಿದದ್ದು ಅಕ್ಷರ ಮತ್ತು ಮರದ ಒಂದು ಅಡಿಯ ಸ್ಕೇಲು.

ನಮ್ಮ ಮನೆಯ ಹಿತ್ತಲು ಎಂದರೆ ಒಂದು ಚಪ್ಪಟೆ ಬಂಡೆ. ರಾಗಿ ಒಣಗಿಸಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ, ಆದರೆ ಒಂದು ಗರಿಕೆಯೂ ಅಲ್ಲಿ ಹುಟ್ಟುತ್ತಿರಲಿಲ್ಲ. ದಿನವೆಲ್ಲ ಹೊಲದ ಯಜಮಾನರ ಕೋಸು, ಆಲೂಗಡ್ಡೆ, ಬೀನ್ಸುಗಳ ನಡುವೆ ಕುಕ್ಕರುಗಾಲಲ್ಲಿ ಕೂತು ಕಳೆ ಕಿತ್ತು, ಸಂಜೆ ಮನೆಗೆ ಬಂದು ಹುರುಳಿ ಸಾರಿಗೆ ಮುದ್ದೆ ಮುರಿಯುತ್ತಿದ್ದೆವು. ನನಗೆ ಹೊಟ್ಟೆ ಹಸಿವಿಗಿಂತ ಬೇರೆಯ ಒಂದು ಆಸೆ ಹತ್ತಿಕೊಂಡಿತು. ಒಂದೇ ಒಂದು ಗಿಡವನ್ನಾದರೂ ಇದು ನನ್ನದು ಎಂದು ಮುಟ್ಟಬೇಕು.

ಕಿತ್ತ ಕಳೆಯನ್ನು ಮನೆಯ ಆಡಿಗೆಂದು ಮಂಕರಿ ಬುಟ್ಟಿಯಲ್ಲಿ ಹೊತ್ತು ತರಬಹುದಿತ್ತು, ಅದಕ್ಕೆ ಯಾರ ತಕರಾರೂ ಇರಲಿಲ್ಲ. ಬೇರಿಗೆ ಅಂಟಿದ ಮಣ್ಣನ್ನು ಹೊಲದಲ್ಲೇ ಕೊಡವಿ ತರುವುದು ವಾಡಿಕೆ. ನಾನು ಕೊಡವುವುದನ್ನು ಬಿಟ್ಟೆ. ಮಂಕರಿ ಭಾರವಾಗುತ್ತಿತ್ತು, ಕುತ್ತಿಗೆ ನೋಯುತ್ತಿತ್ತು. ಬಂಡೆಯ ಮೇಲೆ ಒಂದೊಂದೇ ಬೇರನ್ನು ಕೈಗೆ ಬಡಿದುಕೊಂಡು ಮಣ್ಣು ಉದುರಿಸುತ್ತಿದ್ದೆ. ದಿನಕ್ಕೆ ಒಂದು ಬೊಗಸೆಯಾದರೆ ಹೆಚ್ಚು.

ನನ್ನ ಗಂಡ ಗೋಡೆಗೆ ಒರಗಿ ಬೀಡಿ ಸೇದುತ್ತಾ ನೋಡುತ್ತಿದ್ದ.

"ಏನಮ್ಮಿ, ಬಂಡೆಗೆ ಮಣ್ಣು ತಿನ್ನುಸ್ತಾ ಇದ್ದಯಾ?"

"ನಿಂಗೆ ತಿನ್ನುಸೋಕೆ ಮುಂಚೆ ಕೈ ಪಳಗ್ಲಿ ಅಂತ" ಎನ್ನುತ್ತಿದ್ದೆ.

ಬೈದರೂ ಕಲ್ಲು ಹೊತ್ತು ತಂದು ಕೊಟ್ಟವನು ಅವನೇ. ಮೊಣಕಾಲಿನ ಅರ್ಧದಷ್ಟು ಎತ್ತರಕ್ಕೆ ನಾಲ್ಕೂ ಕಡೆ ಕಲ್ಲು ಜೋಡಿಸಿ ಒಂದು ಮಡಿ ಮಾಡಿದೆವು. ಆಡಿನ ಹಿಕ್ಕೆ, ಒಲೆಯ ಬೂದಿ, ಒಣಗಿದೆಲೆ, ಅದರ ಮೇಲೆ ನನ್ನ ಬೊಗಸೆ ಮಣ್ಣು. ಸಗಣಿ ಸಿಗುವುದೇ ಕಷ್ಟವಾಗಿತ್ತು, ದನ ಇದ್ದವರು ತಮ್ಮ ತಿಪ್ಪೆಯನ್ನು ಚಿನ್ನದಂತೆ ಕಾಯುತ್ತಿದ್ದರು. ದೀಪಾವಳಿ ಕಳೆದು ಗುಮಟಾಪುರದಲ್ಲಿ ಗಂಡಸರೆಲ್ಲ ಬೀರೇಶ್ವರನ ಗುಡಿಯ ಹತ್ತಿರ ಸಗಣಿ ಎರಚಾಡುವುದನ್ನು ನೋಡಲು ಹೋದಾಗ ಎಲ್ಲರೂ ಕೈ ತಟ್ಟಿ ನಗುತ್ತಿದ್ದರೆ ನನಗೆ ಹೊಟ್ಟೆ ಉರಿಯುತ್ತಿತ್ತು. ನನ್ನ ಗಂಡ ತಲೆಯಿಂದ ಕಾಲಿನವರೆಗೆ ಸಗಣಿ ಮೆತ್ತಿಕೊಂಡು ಬಂದ. ಅವನನ್ನು ಮನೆಗೆ ಸೇರಿಸದೆ ಮಡಿಯ ಪಕ್ಕದಲ್ಲಿ ನಿಲ್ಲಿಸಿ, ಬೆನ್ನಿನಿಂದ, ಅಂಗಿಯಿಂದ ಕೆರೆದು ಕೆರೆದು ಮಡಿಗೆ ಹಾಕಿದೆ. ಹರಕೆಗೆ ಆಡಿದ್ದು ಕಣಮ್ಮಿ, ದೇವರು ಮೆಚ್ಚಲ್ಲ ಎಂದು ಅವನು ಕೂಗುತ್ತಲೇ ಇದ್ದ.

ಮಡಿ ತುಂಬಲು ಎರಡು ಮಳೆಗಾಲ ಹಿಡಿಯಿತು. ತುಂಬಿದ ದಿನ ಸ್ಕೇಲು ತಂದೆ. ಒಂದು ಅಡಿ ಉದ್ದ, ಒಂದು ಅಡಿ ಅಗಲ ಬರುವಂತೆ ಅಳೆದು ಬಿದಿರಿನ ಸೀಳುಗಳನ್ನು ಅಡ್ಡಡ್ಡ, ಉದ್ದುದ್ದ ಇಟ್ಟು ಚೌಕ ಮಾಡಿದೆ. ಶಾಲೆಯಲ್ಲಿ ಕಲಿತದ್ದು ನನಗೆ ಉಪಯೋಗಕ್ಕೆ ಬಂದ ಮೊದಲ ದಿನ ಅದು. ಒಂದು ಚೌಕಕ್ಕೆ ಒಂದು ಕೋಸು. ಪಕ್ಕದ್ದರಲ್ಲಿ ನಾಲ್ಕು ಬೀಟ್ರೂಟು. ಇನ್ನೊಂದರಲ್ಲಿ ಒತ್ತಾಗಿ ಈರುಳ್ಳಿ, ಮತ್ತೊಂದರಲ್ಲಿ ಕೊತ್ತಂಬರಿ, ಅಂಚಿನಲ್ಲಿ ಕೋಲು ಹತ್ತುವ ಅವರೆ. ಒಂದು ಚೌಕ ಖಾಲಿಯಾದರೆ ಒಂದು ಹಿಡಿ ಗೊಬ್ಬರ ಹಾಕಿ ಅಂದೇ ಬೇರೆ ಬೀಜ. ಸುತ್ತ ನಿಂತು ಕೈ ಚಾಚಿದರೆ ಎಲ್ಲವೂ ಸಿಗುತ್ತಿತ್ತು, ಹಾಗಾಗಿ ಯಾರ ಕಾಲೂ ಆ ಮಣ್ಣಿನ ಮೇಲೆ ಬೀಳಲಿಲ್ಲ. ಪಾತ್ರೆ ತೊಳೆದ ನೀರನ್ನು ಕರಟದಲ್ಲಿ ಬುಡಬುಡಕ್ಕೆ ಹನಿಸಿದರೆ ಸಾಕಾಗುತ್ತಿತ್ತು.

ನಮ್ಮ ಕಡೆ ಎತ್ತರದ ಮಡಿ ಎಂದರೆ ಒಟ್ಲು, ಅಂದರೆ ಸಸಿ ಬೆಳೆಸುವ ಜಾಗ. ಅಲ್ಲಿ ಬೀಜ ಹಾಕಿ, ಸಸಿ ಎದ್ದ ಮೇಲೆ ಕಿತ್ತು ಹೊಲದಲ್ಲಿ ನೆಡುತ್ತಾರೆ. ಕಿತ್ತು ನೆಡಲು ನನಗೆ ಹೊಲ ಇಲ್ಲವಲ್ಲ, ಅದಕ್ಕೇ ಸಸಿಯನ್ನು ಹುಟ್ಟಿದ ಕಡೆಯೇ ಬಿಟ್ಟೆ. ನೀರಿಗೆ ಹೋಗುವ ಹೆಂಗಸರಿಗೆ ಇದೊಂದು ತಮಾಷೆಯಾಯಿತು.

"ಒಟ್ಲು ಚೆಂದಾಗಿ ಬಂದದ ಕಣಮ್ಮಿ. ನಾಟಿ ಯಾವತ್ತು? ಯಾವ ಒಲಕ್ಕೆ?"

ನಾನೂ ನಗುತ್ತಿದ್ದೆ. ಅವರು ಮರೆಯಾದ ಮೇಲೆ ಒಳಗೆ ಹೋಗಿ ಒಲೆ ಊದುತ್ತಿದ್ದೆ.

ಕೋಸು ಮಾತ್ರ ಯಾರ ಮಾತಿಗೂ ಕಿವಿಗೊಡಲಿಲ್ಲ. ಮಾಗಿಯ ಬೆಳಗ್ಗೆ ಮಂಜು ಬಂಡೆಯ ಮೇಲೆಯೇ ಮಲಗಿರುತ್ತಿತ್ತು. ಕಂಬಳಿ ಹೊದ್ದು ಹೋಗಿ ಬಗ್ಗಿದರೆ ಎಲೆಯ ಮೇಲೆಲ್ಲ ನೀರು. ಹೊರಗಿನ ಎಲೆ ಅಗಲವಾಗಿ ಬಿಚ್ಚಿಕೊಂಡು, ಒಳಗಿನವು ಒಂದರ ಮೇಲೊಂದು ಮಡಚಿಕೊಳ್ಳುತ್ತಾ, ದಿನದಿನಕ್ಕೆ ಬಿಗಿಯಾಗುತ್ತಾ ಬರುತ್ತಿದ್ದವು. ಅಂಗೈಯಲ್ಲಿ ಅದುಮಿದರೆ ಕಿರ್ ಎನ್ನುತ್ತಿತ್ತು. ಆ ಸದ್ದನ್ನು ನೆನೆದರೆ ಈಗಲೂ ನನ್ನ ಅಂಗೈ ತಣ್ಣಗಾಗುತ್ತದೆ. ಅಷ್ಟು ಸುಖವಾಗಿ ನಾನು ಮತ್ತೆಂದೂ ಇರಲಿಲ್ಲ ಎಂದು ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನಾಗಬೇಕು.

ಎಂಬತ್ತರ ದಶಕ ಶುರುವಾದಾಗ ನನ್ನ ಗಂಡನಿಗೆ ಬೆಟ್ಟದ ಕೆಳಗೆ, ತಮಿಳು ಮಾತಿನ ಸತ್ಯಮಂಗಲದ ಕಡೆ, ನೂಲಿನ ಮಿಲ್ಲೊಂದರಲ್ಲಿ ಕೆಲಸ ಸಿಕ್ಕಿತು. ಮೊದಲು ಒಬ್ಬನೇ ಹೋದ. ರಜೆಗೆ ಬಂದವನು ಮಿಲ್ಲಿನ ವಿಷಯ ಏನೂ ಹೇಳಲಿಲ್ಲ, ಟೀ ಅಂಗಡಿಯ ವಿಷಯ ಹೇಳಿದ.

"ಬೆಂಚ್ ಮ್ಯಾಲೆ ಕುಂತ್ಕತೀನಿ ಕಣಮ್ಮಿ. ಎಲ್ಲಾರ್ ಜೊತೆ. ಅದೇ ಗ್ಲಾಸು. ಯಾರೂ ಏನೂ ಅನ್ನಲ್ಲ."

ನಮ್ಮೂರಲ್ಲಿ ಅವನು ಟೀಯನ್ನು ಹೊರಗೆ ನಿಂತು ಕುಡಿಯುತ್ತಿದ್ದ, ಅವನಿಗೆಂದು ಬೇರೆ ಇಟ್ಟ ಗ್ಲಾಸು ಅಂಗಡಿಯ ಮಾಡಿನ ಸಂದಿಯಲ್ಲಿರುತ್ತಿತ್ತು. ಅದನ್ನು ನಾವು ಯಾವತ್ತೂ ಮಾತಾಡಿದವರಲ್ಲ. ಅವನು ಬೆಂಚಿನ ಮಾತನ್ನು ಆ ಒಂದು ರಜೆಯಲ್ಲೇ ಮೂರು ನಾಲ್ಕು ಸಲ ಹೇಳಿದ. ನನಗೆ ಅರ್ಥವಾಯಿತು, ಆದರೂ ಅರ್ಥವಾಗದವಳ ಹಾಗೆ ಮಡಿಗೆ ನೀರು ಹನಿಸುತ್ತಾ ಕೂತೆ.

ಕಡೆಗೆ ಹೊರಡಲೇಬೇಕಾಯಿತು. ನಾನು ಹಟ ಹಿಡಿದೆ, ಮಣ್ಣನ್ನು ಬಿಟ್ಟು ಬರುವುದಿಲ್ಲ ಎಂದು. ಬೇರೆಯವರಾಗಿದ್ದರೆ ಹೊಡೆಯುತ್ತಿದ್ದರೇನೋ. ಅವನು ಗೋಣಿಚೀಲ ತಂದು ತುಂಬಿಸಿದ. ಮೂರು ಚೀಲ ಮಣ್ಣು, ಒದ್ದೆ ಬಟ್ಟೆಯಲ್ಲಿ ಸುತ್ತಿದ ಕೋಸಿನ ಸಸಿ. ಬಸ್ಸಿನ ಕಂಡಕ್ಟರು ಚೀಲ ಒತ್ತಿ ನೋಡಿ, ಇದರಲ್ಲಿ ಏನಮ್ಮಾ ಎಂದು ತಮಿಳಲ್ಲಿ ಕೇಳಿದ. ಮಣ್ಣು ಎಂದೆ. ಅವನು ನನ್ನ ಗಂಡನ ಮುಖ ನೋಡಿದ. ನನ್ನ ಗಂಡ ಕಿಟಕಿಯಾಚೆ ನೋಡುತ್ತಾ, ನನಗೂ ಈ ಹೆಂಗಸಿಗೂ ಸಂಬಂಧವೇ ಇಲ್ಲ ಎಂಬಂತೆ ಕೂತಿದ್ದ. ದಿಂಬಂ ಘಾಟಿಯ ತಿರುವುಗಳನ್ನು ಇಳಿಯುತ್ತಾ ಇಳಿಯುತ್ತಾ ಗಾಳಿ ಬಿಸಿಯಾಗುತ್ತಾ ಬಂತು. ನಾನು ಸೆರಗಿನಿಂದ ಸಸಿಗಳಿಗೆ ಗಾಳಿ ಬೀಸುತ್ತಿದ್ದೆ.

ಮಿಲ್ಲಿನ ಹತ್ತಿರ ಸಾಲುಮನೆ. ಹಿಂದೆ ಒಂದು ಬೇವಿನ ಮರ, ಗಟ್ಟಿ ನೆಲ. ಒಡೆದ ಇಟ್ಟಿಗೆ ಜೋಡಿಸಿ ಮಡಿ ಮಾಡಿ ಬೆಟ್ಟದ ಮಣ್ಣು ಹರವಿ, ಸ್ಕೇಲಿಟ್ಟು ಚೌಕ ಬಿಡಿಸಿದೆ. ಮಣ್ಣು ಕಡಿಮೆಯಾಗಿತ್ತು, ಆರು ಚೌಕ ಮಾತ್ರ ಆಯಿತು. ಆರಕ್ಕೂ ಕೋಸನ್ನೇ ನೆಟ್ಟೆ. ಅಂದು ರಾತ್ರಿ ಊಟಕ್ಕೆ ಕೂತಾಗ ನನಗೆ ತಡೆಯಲಾಗಲಿಲ್ಲ, ಬೆಟ್ಟಕ್ಕೆ ಹೋಗೋಣ ಎಂದು ಅತ್ತೆ. ಬಂದ ದಿನದಿಂದ ಅದೇ ಮಾತಾಗಿತ್ತು. ಅವನು ಅನ್ನ ಕಲಸುವುದನ್ನು ನಿಲ್ಲಿಸಿದ.

"ನಿನ್ ಬಾಯಲ್ಲಿ ಬ್ಯಾರೆ ಮಾತೇ ಬರಲ್ವಾ?"

ನಾನೂ ಸುಮ್ಮನಿರುವವಳಲ್ಲ. "ಈ ಕ್ವಾಸು ಇಲ್ಲಿ ಉಂಡೆ ಆಗ್ಲಿ. ಆಮೇಲೆ ಬೆಟ್ಟ ಅನ್ನೋ ಮಾತ ಬಾಯಲ್ಲಿ ಎತ್ತಲ್ಲ. ಆಗ್ನಿಲ್ಲ ಅಂದ್ರೆ ವಾಪಸ್. ಒಪ್ಕತೀಯಾ?"

"ಮಣ್ಣು ನಮ್ದೇ. ಸಸಿ ನಮ್ದೇ. ಆಗ್ದೆ ಎಲ್ಗೋಯ್ತದ? ಒಪ್ಪುದಿ" ಎಂದ.

ಅವನು ಹೊಲದ ಕೆಲಸ ಎಷ್ಟು ಮಾಡಿದ್ದರೂ ಅಗೆತ, ಉಳುಮೆ, ಮೂಟೆ ಹೊರುವುದು ಅಷ್ಟೇ. ಕೋಸಿನ ಬುಡದಲ್ಲಿ ಕೂತವನಲ್ಲ. ನಾನು ಕೂತವಳು. ಆದರೂ ಪಂಥ ಕಟ್ಟಿದ್ದು ಸಿಟ್ಟಿಗೆ ಅಷ್ಟೇ, ಕೋಸು ಉಂಡೆಯಾಗುವುದು ಮಣ್ಣಿನ ಗುಣದಿಂದಲೇ ಎಂದು ನಾನು ಕೂಡ ನಂಬಿದ್ದೆ. ಬೆಟ್ಟದಲ್ಲಿ ಹುಟ್ಟಿ ಬೆಳೆದವರಿಗೆ ಚಳಿ ಎಂಬುದು ಬೇರೆಯಾಗಿ ಒಂದು ಇದೆ ಎಂದೇ ಗೊತ್ತಿರುವುದಿಲ್ಲ, ಅದು ಎಲ್ಲೆಲ್ಲೂ ಇರುತ್ತದೆ ಎಂದುಕೊಂಡಿರುತ್ತೇವೆ. ಮೂರು ಚೀಲ ಮಣ್ಣು ತಂದೆ, ಚಳಿಯನ್ನು ಎಲ್ಲಿಂದ ತರಲಿ? ಶಿವರಾತ್ರಿ ಕಳೆದು ಬಿಸಿಲು ಏರಿತು. ಕೋಸು ಎತ್ತರವಾಗಿ ಬೆಳೆಯಿತು, ಎಲೆಗಳು ಬಾಯಿ ಬಿಟ್ಟುಕೊಂಡು ನಿಂತವು, ನಡುವಿನ ಎಲೆ ಮಡಚಿಕೊಳ್ಳಲೇ ಇಲ್ಲ. ಪಕ್ಕದ ಮನೆಯ ತಮಿಳು ಹೆಂಗಸು ನೋಡಿ, ಈ ವೆಯ್ಯಿಲಿಗೆ, ಇಂಥ ಬಿಸಿಲಿಗೆ, ಕೋಸು ಬರುತ್ತದೆಯೇನಮ್ಮಾ ಎಂದು ನಕ್ಕಳು. ಅವಳಿಗಿಂತ ಮೊದಲೇ ನನಗೆ ತಿಳಿದಿತ್ತು. ನನಗೆ ಎಷ್ಟು ಖುಷಿಯಾಗಿತ್ತೆಂದರೆ ಒಳಗೊಳಗೇ ಬಟ್ಟೆ ಗಂಟು ಕಟ್ಟಲು ಶುರು ಮಾಡಿದ್ದೆ.

ಖುಷಿಯನ್ನು ಕೆಡಿಸಿದವನು ಅವನೇ. ಪಾಳಿ ಮುಗಿಸಿ ಬಂದವನು ಕಾಲು ತೊಳೆಯುವ ಮೊದಲು ಮಡಿಯ ಹತ್ತಿರ ಹೋಗುತ್ತಿದ್ದ. ಗೋಣಿಚೀಲ ನೆನೆಸಿ ನಾಲ್ಕು ಕೋಲಿನ ಮೇಲೆ ನೆರಳು ಹಾಕಿದ. ಕುಡಿಯುವ ಮಡಕೆಯ ತಣ್ಣೀರನ್ನು ಕೈಯಲ್ಲಿ ಎತ್ತಿ ಚಿಮುಕಿಸುತ್ತಿದ್ದ. ಒಂದು ಮಧ್ಯಾಹ್ನ ಟವೆಲ್ಲಿನಿಂದ ಗಾಳಿ ಬೀಸುತ್ತಾ ಕೂತಿದ್ದ. ಬೆಟ್ಟದಲ್ಲಿದ್ದಾಗ ನನ್ನ ಮಡಿಯನ್ನು ಅಣಕಿಸುತ್ತಿದ್ದ ಮನುಷ್ಯ. ನಾನು ಬಾಗಿಲಲ್ಲಿ ನಿಂತು ನೋಡಿ, ಇವನಿಗೆ ಇಲ್ಲೇ ಇರಬೇಕು ಎಂಬ ಆಸೆ ನನ್ನ ಆಸೆಗಿಂತ ಚಿಕ್ಕದಲ್ಲ ಎಂದುಕೊಂಡೆ. ಎಂದುಕೊಂಡೂ ಗಂಟು ಬಿಚ್ಚಲಿಲ್ಲ.

ಒಂದು ಬೆಳಗ್ಗೆ ಅವನು ಕೆಲಸಕ್ಕೆ ಹೋದ ಮೇಲೆ ಹಿತ್ತಲಿಗೆ ಹೋದರೆ ಮೂಲೆಯ ಚೌಕದ ಕೋಸು ಗುಂಡಗೆ ಕೂತಿತ್ತು. ಬಗ್ಗಿ ಹೊರಗಿನ ಎಲೆ ಸರಿಸಿದೆ. ಒಳಗಿನ ಎಲೆಗಳನ್ನು ಒಂದರ ಮೇಲೊಂದು ಒತ್ತಿ, ಮಿಲ್ಲಿನ ಬಿಳಿ ನೂಲಿನಲ್ಲಿ ಸುತ್ತಿ ಸುತ್ತಿ ಬಿಗಿದಿದ್ದ.

ಬಂದ ಕೋಪ ಅಷ್ಟಿಷ್ಟಲ್ಲ. ಕೋಸಿನ ಹೊಲದಲ್ಲೇ ಬೆಳೆದವಳಿಗೆ ಕೋಸಿನಲ್ಲೇ ಟೋಪಿ ಹಾಕಲು ಹೊರಟಿದ್ದಾನಲ್ಲ, ಬರಲಿ ಮನೆಗೆ ಎಂದುಕೊಂಡೆ. ನೂಲು ಹರಿಯಲು ಕೈ ಹಾಕಿ ನಿಲ್ಲಿಸಿದೆ. ಒಂದು ಎಲೆಯೂ ಸೀಳಿರಲಿಲ್ಲ. ಬೆರಳಿನ ಗುರುತೂ ಇರಲಿಲ್ಲ. ಗುದ್ದಲಿ ಹಿಡಿದು ಒರಟಾದ ಆ ಕೈಗಳು ಅಷ್ಟು ಎಳೆಯ ಎಲೆಗಳನ್ನು ಹೇಗೆ ಮಡಚಿದವೋ, ಎಷ್ಟು ಹೊತ್ತು ಉಸಿರು ಹಿಡಿದು ಕೂತಿದ್ದನೋ. ಮಡಿಯ ಪಕ್ಕದಲ್ಲೇ ಕೂತು ಅತ್ತೆ. ಅವನ ಮೇಲಿನ ಪ್ರೀತಿಗೋ, ಬೆಟ್ಟ ಕೈತಪ್ಪಿ ಹೋಯಿತೆಂಬುದಕ್ಕೋ, ಬಿಡಿಸಿ ಹೇಳಲಾರೆ. ಹೊತ್ತು ಏರಿ ಬೇವಿನ ನೆರಳು ಸರಿದು ಬಿಸಿಲು ಬೆನ್ನಿಗೆ ಬಂದಾಗ ಎದ್ದೆ.

ಅವನು ಬಂದ. ಅಂದು ಮಡಿಯ ಕಡೆ ತಿರುಗಿಯೂ ನೋಡದೆ ಬಹಳ ಹೊತ್ತು ಕಾಲು ತೊಳೆದ.

"ಕ್ವಾಸು ನೋಡ್ದಾ ಅಮ್ಮಿ?"

"ನೋಡ್ದಿ."

"ಏನಾಗದ?"

"ಉಂಡೆ ಆಗದ, ಬುಡು" ಎಂದೆ. "ಇನ್ನು ಆ ಮಾತು ಎತ್ತಲ್ಲ."

ಅವನು ಮುಖ ಒರೆಸಿಕೊಳ್ಳುವ ಟವೆಲ್ಲನ್ನು ಮುಖದಿಂದ ತೆಗೆಯಲೇ ಇಲ್ಲ.

ಸಂಜೆ ಅದನ್ನು ಕೊಯ್ದೆ. ಒಳಗೆ ಒಲೆಯ ಹತ್ತಿರ, ಅವನಿಗೆ ಕಾಣದ ಹಾಗೆ, ನೂಲು ಕತ್ತರಿಸಿದೆ. ಎಲೆಗಳು ಬಿಚ್ಚಿಕೊಂಡು ಮಣೆಯ ಮೇಲೆ ಬಿದ್ದವು, ನಡುವೆ ಏನೂ ಇರಲಿಲ್ಲ. ಹೆಚ್ಚಿ, ಕಾಯಿ ತುರಿದು ಹಾಕಿ ಪಲ್ಯ ಮಾಡಿದೆ. ಅವನು ಎರಡು ಸಲ ಹಾಕಿಸಿಕೊಂಡು, "ಬೆಟ್ಟದ ಕ್ವಾಸೇ ಕಣ" ಎಂದ. ಊಂ ಎಂದೆ. ಅದು ಕಹಿಯಾಗಿತ್ತು.

ಮಕ್ಕಳು ಇಲ್ಲೇ ಹುಟ್ಟಿದರು, ತಮಿಳಲ್ಲಿ ಜಗಳವಾಡಿಕೊಂಡು ಬೆಳೆದರು. ಮದುವೆಗೆ, ಸಾವಿಗೆ ಬೆಟ್ಟಕ್ಕೆ ಹೋಗಿ ಬಂದಿದ್ದೇನೆ, ನೆಂಟರ ಹಾಗೆ ಒಂದು ಹೊತ್ತು ಉಂಡು, ಸಂಜೆಯ ಬಸ್ಸಿಗೆ ಇಳಿದಿದ್ದೇನೆ. ನೂಲಿನ ಗುಟ್ಟು ನನಗೆ ಗೊತ್ತಾಗಿದೆ ಎಂಬುದು ಅವನಿಗೆ ಗೊತ್ತಿತ್ತೋ ಇಲ್ಲವೋ, ಅವನಾಗಿ ಹೇಳಲಿಲ್ಲ, ನಾನಾಗಿ ಕೇಳಲಿಲ್ಲ. ಈಗ ಅವನಿಲ್ಲ. ಮಗಳು, ಅಮ್ಮಾ ನಿನಗೆ ಆ ಊರಿನ ನೆನಪೇ ಬರುವುದಿಲ್ಲವಾ, ಒಂದು ದಿನವಾದರೂ ಅದರ ಮಾತಾಡಿದ್ದನ್ನು ಕೇಳಿಲ್ಲ ಎನ್ನುತ್ತಾಳೆ. ನಗುತ್ತೇನೆ. ಬಾಯಲ್ಲಿ ಎತ್ತುವುದಿಲ್ಲ ಎಂದು ಅವನಿಗೆ ಹೇಳಿದ್ದೆ, ಎತ್ತಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನನಗೆ ಬೆಟ್ಟಕ್ಕೆ ಹೋಗಬೇಕು.