ತೀರದ ಪ್ಯಾರಾ

ನಮ್ಮ ಮೇಡಂ ಅವರ ಎಡಭುಜದ ಮೇಲೆ, ಸೆರಗಿಗೆ ಹಾಕಿದ ಪಿನ್ನಿನ ಪಕ್ಕದಲ್ಲಿ, ಆಗಾಗ ಸುಣ್ಣದ ಒಂದು ಬಿಳಿ ಪಟ್ಟೆ ಕಾಣುತ್ತಿತ್ತು. ಕಡುನೀಲಿ, ಕಾಫಿಪುಡಿ ಬಣ್ಣ, ಅಪರೂಪಕ್ಕೆ ಕಪ್ಪು, ಹೀಗೆ ಅವರು ಉಡುತ್ತಿದ್ದದ್ದೆಲ್ಲ ಗಾಢ ಬಣ್ಣದ ಸೀರೆಗಳೇ. ಹಾಗಾಗಿ ಪಟ್ಟೆ ಎದ್ದು ಕಾಣುತ್ತಿತ್ತು. ಚಾಮರಾಜಪೇಟೆಯ ಬಸ್ ಸ್ಟಾಪಿನಲ್ಲಿ ಯಾರಾದರೂ ಹೆಂಗಸರು, "ಸೀರೆಗೆ ಸುಣ್ಣ ಮೆತ್ಕೊಂಡಿದೆ ನೋಡ್ರೀ" ಎಂದರೆ, "ಗೊತ್ತು" ಎಂದು ಹೇಳಿ, ಒರೆಸಿಕೊಳ್ಳದೆ ಬಸ್ಸು ಬರುವ ದಿಕ್ಕಿಗೆ ನೋಡುತ್ತ ನಿಂತಿರುತ್ತಿದ್ದರು.

ಅದು ಅವರ ಉದ್ಯೋಗದ ಗುರುತು. ಸರ್ಕಾರದ ದುಡ್ಡಿನಲ್ಲಿ ನಡೆಯುವ ಕಚೇರಿಗಳಿಗೆ ಹೋಗಿ ಲೆಕ್ಕ ತಪಾಸಣೆ ಮಾಡುವ ಒಂದು ಸಣ್ಣ ತಂಡಕ್ಕೆ ಅವರು ಮುಖ್ಯಸ್ಥೆ. ಎಪ್ಪತ್ತರ ದಶಕದಲ್ಲಿ ನಾನು ಆ ತಂಡಕ್ಕೆ ಕಿರಿಯ ಗುಮಾಸ್ತೆಯಾಗಿ ಸೇರಿದೆ. ಮೊದಲ ವಾರವೇ ವಿಶ್ವೇಶ್ವರಪುರದ ಒಂದು ಶಾಲೆಗೆ ಹೋದೆವು. ಒಳಗೂ ಹೊರಗೂ ಸುಣ್ಣ ಬಳಿಸಿದ್ದಕ್ಕೆ ಬಿಲ್ಲು ಪಾಸಾಗಿತ್ತು. ಮೇಡಂ ಬಿಲ್ಲನ್ನು ಒಮ್ಮೆ ಓದಿ, ಎದ್ದು ಹೋಗಿ, ಹಿಂಬದಿಯ ಗೋಡೆಗೆ ಭುಜ ಕೊಟ್ಟು ಒರಗಿ ನಿಂತರು. ಜೊತೆಯಲ್ಲಿ ಬಂದಿದ್ದ ಎಂಜಿನಿಯರು ಗಾಬರಿಯಾಗಿ, "ಮೇಡಂ, ಸೀರೆ ಹಾಳಾಗುತ್ತೆ" ಎಂದರು.

ಮೇಡಂ ಗೋಡೆ ಬಿಟ್ಟು ಈಚೆ ಬಂದು ತಮ್ಮ ಭುಜ ನೋಡಿಕೊಂಡರು. "ಹಾಳಾಗ್ಲಿಲ್ವಲ್ಲ. ಅದನ್ನೇ ನೋಡ್ತಿದೀನಿ."

ಹೊಸ ಸುಣ್ಣವಾದರೆ ಬಟ್ಟೆಗೆ ಹತ್ತುತ್ತದೆ. ಹಿಂದಿನ ಗೋಡೆಗೆ ವರ್ಷಗಳಿಂದ ಯಾರೂ ಕುಂಚ ಮುಟ್ಟಿಸಿರಲಿಲ್ಲ. ಅವರ ಭುಜದ ಮೇಲೆ ಬಿಳಿ ಪಟ್ಟೆ ಇದ್ದ ದಿನ ಯಾವುದೋ ಕಚೇರಿಯವರು ಪ್ರಾಮಾಣಿಕರಾಗಿದ್ದರು ಎಂದು ಅರ್ಥ. ಆಮೇಲಾಮೇಲೆ ಪಟ್ಟೆ ಇಲ್ಲದ ದಿನ ನನಗೇ ಭಯವಾಗುತ್ತಿತ್ತು, ಯಾಕೆಂದರೆ ಆಕ್ಷೇಪಣೆಯನ್ನೆಲ್ಲ ಕಾರ್ಬನ್ ಇಟ್ಟು ಬರೆಯಬೇಕಾದವಳು ನಾನು.

ಅವರಲ್ಲಿ ಪ್ರೀತಿಸುವಂಥದ್ದು ಮೊದಲ ನೋಟಕ್ಕೆ ಏನೂ ಸಿಗುತ್ತಿರಲಿಲ್ಲ. ಮದುವೆಯಾಗಿರಲಿಲ್ಲ. ಚಾಮರಾಜಪೇಟೆಯಲ್ಲಿ ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿದ್ದರು. ತಪಾಸಣೆಗೆ ಹೋದ ಕಚೇರಿಯಲ್ಲಿ ಕಾಫಿ ಮುಟ್ಟುತ್ತಿರಲಿಲ್ಲ. ನೀರನ್ನೂ ಕುಡಿಯುತ್ತಿರಲಿಲ್ಲ. ಅದನ್ನು ನಿಷ್ಠೆ ಎಂದು ಕಚೇರಿಯವರು ಕೊಂಡಾಡುತ್ತಿದ್ದರು. ನಿಜವಾದ ಕಾರಣ ಆ ಕಚೇರಿಗಳಲ್ಲಿ ಹೆಂಗಸರಿಗೆ ಪಾಯಿಖಾನೆ ಇರುತ್ತಿರಲಿಲ್ಲ. ಹೊಸ ಜಾಗಕ್ಕೆ ಹೋದಾಗ ಅಲ್ಲಿನ ಸೂಪರಿಂಟೆಂಡೆಂಟರು ಇವರ ಹೆಗಲಾಚೆ ಬಾಗಿಲ ಕಡೆ ನೋಡಿ, "ಸಾಹೇಬ್ರು ಎಷ್ಟೊತ್ತಿಗೆ ಬರ್ತಾರೆ?" ಎಂದು ಕೇಳುವುದೂ ಇತ್ತು. "ಬಂದಾಯ್ತು, ಕೂತ್ಕೊಳ್ಳಿ" ಎನ್ನುತ್ತಿದ್ದರು ಮೇಡಂ.

ಶನಿವಾರ ಮಧ್ಯಾಹ್ನ ತರಗುಪೇಟೆಯಲ್ಲಿ ಅಂಗಡಿಯಿಂದ ಅಂಗಡಿಗೆ ಹೋಗಿ ತೊಗರಿಬೇಳೆ, ಕಡಲೆ, ರಾಗಿಯ ಧಾರಣೆ ಕೇಳುತ್ತಿದ್ದರು. ಸರ್ಕಾರಿ ಹಾಸ್ಟೆಲುಗಳು ಬೇಳೆಗೆ ಎಷ್ಟು ಕೊಟ್ಟಿವೆ ಎಂದು ತಾಳೆ ನೋಡುವುದಕ್ಕೆ. ಅಂಗಡಿಯವರಿಗೆ ಇದು ಗೊತ್ತಿಲ್ಲ. ಒಮ್ಮೆ ನಾನು ಜೊತೆಗಿದ್ದಾಗ ಒಬ್ಬ ಗುಮಾಸ್ತ ಇನ್ನೊಬ್ಬನಿಗೆ, "ಬಂದ್ರು ನೋಡು, ಕೇಳ್ತಾರೆ, ಕೊಳ್ಳಲ್ಲ" ಎಂದ. ಮೇಡಂ ಕೇಳಿಸಿಕೊಂಡು, ಅರ್ಧ ಸೇರು ಹೆಸರುಕಾಳು ಕೊಡುತ್ತೀರಾ ಎಂದರು. ಅವನು ಮೂಟೆಗಿಂತ ಕಡಿಮೆ ಮಾರುವುದಿಲ್ಲ ಎಂದ. "ಹಂಗಾದ್ರೆ ಬೈಬೇಡಿ" ಎಂದು ಮುಂದಿನ ಅಂಗಡಿಗೆ ಹೋದರು.

"ಕಾಗದ ಕೂತ್ಕೊಂಡು ಓದೋದು, ಕೆಲಸ ನಿಂತ್ಕೊಂಡು ನೋಡೋದು" ಎಂದು ನನಗೆ ಮತ್ತೆ ಮತ್ತೆ ಹೇಳುತ್ತಿದ್ದರು. ನಾನು ಕೂತುಕೊಳ್ಳುವ ಕಡೆಗೇ ವಾಲಿದವಳು. ಅದರಲ್ಲೂ ಬಸುರಿಯಾದ ಮೇಲೆ ನಿಲ್ಲುವುದು ಕಷ್ಟವಾಯಿತು. ಹೆರಿಗೆ ರಜೆಯ ಅರ್ಜಿ ಕೊಟ್ಟಾಗ ಅವರು ಕನ್ನಡಕ ಏರಿಸಿ ಓದಿ ಸಹಿ ಮಾಡಿ, "ಮೂರು ತಿಂಗಳು, ಸಂಬಳ ಸಮೇತ. ಹೋಗ್ಬನ್ನಿ" ಎಂದರು. ಮಗು ನೋಡಲು ಬರಲಿಲ್ಲ. ರಜೆ ಮುಗಿಸಿ ಹೋದ ದಿನ ಮಗು ಹೇಗಿದೆ ಎಂದು ಕೇಳದೆ, ಉಳಿದ ಕೆಲಸದ ಕಟ್ಟನ್ನು ಮೇಜಿನ ಮೇಲಿಟ್ಟರು. ನನಗೆ ಬೇಜಾರಾಗಿತ್ತು.

ನಾನು ರಜೆ ಮುಗಿಸಿ ಬಂದ ಸ್ವಲ್ಪ ದಿನಕ್ಕೇ, ಮಳೆಗಾಲಕ್ಕೆ ಮುಂಚೆ, ಬಿನ್ನಿಪೇಟೆ ಕಡೆಯ ರಾಜಕಾಲುವೆಯ ಹೂಳು ತೆಗೆಸುತ್ತಿದ್ದ ಒಂದು ಕಚೇರಿಯ ತಪಾಸಣೆ ಬಂತು. ಕಚೇರಿಯ ಹೆಸರು ಇಲ್ಲಿ ಬೇಡ. ಹೂಳು ತೆಗೆಯುವವರು ದಿನಗೂಲಿ ಆಳುಗಳು. ಹೆಚ್ಚಿನವರು ಹೆಂಗಸರು. ಇಲ್ಲದ ಆಳುಗಳ ಹೆಸರನ್ನು ಹಾಜರಿಪಟ್ಟಿಯಲ್ಲಿ ಬರೆದು ಕೂಲಿ ಹೊಡೆಯುವುದು ಆ ಕಾಲದಲ್ಲಿ ಎಲ್ಲೆಲ್ಲೂ ಇದ್ದ ಚಾಳಿ. ಅದಕ್ಕಾಗಿ ಮೇಡಂ ಬಟವಾಡೆಯ ದಿನವೇ, ಅಂದರೆ ಕೂಲಿ ಹಂಚುವ ದಿನವೇ, ಕಾಲುವೆಯ ದಂಡೆಗೆ ಹೋಗಿ ತಾವೇ ಹೆಸರು ಕೂಗುತ್ತಿದ್ದರು. ಬಂದವರನ್ನು ಗಂಡನ ಹೆಸರು ಕೇಳುತ್ತಿದ್ದರು. ಪಟ್ಟಿಯಲ್ಲಿ ಅದೂ ಇರುತ್ತಿತ್ತು.

ಗಂಡನ ಹೆಸರನ್ನು ಬಾಯಲ್ಲಿ ಹೇಳುವ ಹೆಂಗಸರು ಆ ಸಾಲಿನಲ್ಲಿ ಯಾರೂ ಇರಲಿಲ್ಲ. ಒಬ್ಬಳು ನಾಚಿ ಸೆರಗು ಕಚ್ಚಿದಳು, ಪಕ್ಕದವಳು ಅವಳ ಪರವಾಗಿ ಹೇಳಿದಳು. ಇನ್ನೊಬ್ಬಳು, "ಬೆಟ್ಟದ ಮೇಲಿರೋ ಸ್ವಾಮಿ ಹೆಸ್ರು ಕಣವ್ವಾ" ಎಂದಳು. ಮೇಡಂ ತಾಳ್ಮೆಯಿಂದ ಒಂದೊಂದು ಬೆಟ್ಟವನ್ನೂ ಕೇಳಿ ತಿಳಿದುಕೊಂಡು ಗುರುತು ಹಾಕುತ್ತಿದ್ದರು.

"ಮುನಿಯಮ್ಮ" ಎಂದು ಕೂಗಿದರು. ನಡುವಯಸ್ಸು ದಾಟಿದ ಹೆಂಗಸೊಬ್ಬಳು ಕೆಸರು ಮೆತ್ತಿದ ಕೈ ಒರೆಸಿಕೊಳ್ಳುತ್ತ ಬಂದಳು.

"ಗಂಡನ ಹೆಸರು?"

"ಚಿಕ್ಕಣ್ಣ" ಎಂದಳು, ಗಟ್ಟಿಯಾಗಿ, ತಟ್ಟನೆ.

ಮೇಡಂ ಪಟ್ಟಿಯಿಂದ ತಲೆ ಎತ್ತಿದರು. ಪಟ್ಟಿಯಲ್ಲೂ ಚಿಕ್ಕಣ್ಣ ಎಂದೇ ಇತ್ತು. ಉತ್ತರ ಸರಿಯಾಗಿತ್ತು. ಸರಿಯಾಗಿದ್ದದ್ದೇ ಎಡವಟ್ಟು.

"ಇಷ್ಟು ಜನದಲ್ಲಿ ಯಜಮಾನರ ಹೆಸರು ಸಲೀಸಾಗಿ ಹೇಳಿದೋರು ನೀವೊಬ್ರೇ ನೋಡಿ" ಎಂದರು ಮೇಡಂ. ಗದರಿಸಿದ ದನಿಯಲ್ಲ.

ಆಳುಗಳ ಮೇಸ್ತ್ರಿ ಕಾಲುವೆಯ ಕಡೆ ಮುಖ ತಿರುಗಿಸಿಕೊಂಡ. ಹೆಂಗಸಿಗೆ ಒಂದು ಗಳಿಗೆ ಏನಾಯಿತೆಂದೇ ತಿಳಿಯಲಿಲ್ಲ. ತಿಳಿದಾಗ ಅವಳು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಚಿಕ್ಕಣ್ಣ ಅವಳ ಮಗ. ಮುನಿಯಮ್ಮ ಅವಳ ಸೊಸೆ. ಸೊಸೆ ಹೆರಿಗೆಯಾಗಿ ಮನೆಯಲ್ಲಿದ್ದಳು. ಹೆಸರು ಪಟ್ಟಿಯಿಂದ ಒಮ್ಮೆ ಹೋದರೆ ಆ ಜಾಗಕ್ಕೆ ಬೇರೆಯವರು ಬರುತ್ತಾರೆ, ಮತ್ತೆ ಸಿಗುವುದಿಲ್ಲ. ಅದಕ್ಕೆ ಅತ್ತೆ ಸೊಸೆಯ ಹೆಸರಿನಲ್ಲಿ ಹೂಳು ಹೊರುತ್ತಿದ್ದಳು. ಮೇಸ್ತ್ರಿ ಒಪ್ಪಿಕೊಂಡಿದ್ದ. ಅವನ ಹೆಂಡತಿಯೂ ಹೆತ್ತವಳೇ ತಾನೆ.

ಮೇಡಂ ಅಲ್ಲಿಂದ ನೇರ ಅವರ ಮನೆಗೆ ನಡೆದರು, ನಾನು ಹಿಂದೆ. ಒಂದೇ ಕೋಣೆಯ ಮನೆ. ಮುನಿಯಮ್ಮ ಮಗುವನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೆ ಒರಗಿದ್ದಳು. ನಾವು ಯಾರೆಂದು ತಿಳಿದು ಏಳಲು ಹೋದಳು. ಮೇಡಂ ಕೈ ಸನ್ನೆ ಮಾಡಿ ಕೂರಿಸಿದರು. ಎಂದಿನಿಂದ ಕೆಲಸಕ್ಕೆ ಹೋಗಿಲ್ಲ ಎಂದು ಕೇಳಿಕೊಂಡರು, ಮಗುವನ್ನು ನೋಡಿದರು, ಬಂದುಬಿಟ್ಟರು.

ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ. ನನ್ನ ಮಗು ಆ ಹೊತ್ತಿಗೆ ನನ್ನ ಅಮ್ಮನ ಹತ್ತಿರ ಮಲಗಿತ್ತು. "ಬಿಟ್ಟುಬಿಡಿ ಮೇಡಂ. ಹೂಳಂತೂ ತೆಗೆದಿದ್ದಾರೆ. ಸರ್ಕಾರಕ್ಕೆ ಏನು ನಷ್ಟ?"

"ನಷ್ಟ ಇಲ್ಲ. ಆದ್ರೆ ಇವತ್ತು ಅತ್ತೆ ಬಂದ್ಲು ಅಂತ ಬಿಟ್ರೆ, ನಾಳೆ ಯಾರೂ ಬರದೇ ಇರೋ ಹೆಸರಿಗೂ ಇದೇ ಕತೆ ಹೇಳ್ತಾರೆ. ಆಗ ನಾನು ಏನಂತ ಕೇಳ್ಲಿ?"

ಅವರ ಮೇಲಿನ ನನ್ನ ಸಿಟ್ಟು ಇಳಿಯಲಿಲ್ಲ.

ಅವರು ಬರೆದದ್ದು ಇಷ್ಟು: ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ದುಡಿದಿದ್ದಾರೆ, ಇದು ಸುಳ್ಳು ಹಾಜರಿ, ಕೆಲಸ ಆಗಿರುವುದನ್ನು ಕಣ್ಣಾರೆ ನೋಡಿದ್ದೇನೆ, ದುಡಿದವಳಿಗೆ ಅವಳ ಸ್ವಂತ ಹೆಸರಿನಲ್ಲಿ ಕೂಲಿ ಕೊಡುವುದು. ಅತ್ತೆಗೆ ಕೂಲಿ ಸಿಕ್ಕಿತು. ಹೆಬ್ಬೆಟ್ಟು ಒತ್ತುವಾಗ ಅವಳು ತನ್ನ ಹೆಸರನ್ನು ಎರಡು ಸಲ ಹೇಳಿದ್ದು ನೆನಪಿದೆ. ಇದನ್ನು ನ್ಯಾಯವಾಗಿ ಮುಗಿಸಿದೆವು ಎಂದು ನಾನೂ ಅಂದುಕೊಂಡೆ.

ಮುಂದಿನ ವರ್ಷ ಅದೇ ಕಾಲುವೆಗೆ ಹೋದಾಗ ಪಟ್ಟಿಯಲ್ಲಿ ಮುನಿಯಮ್ಮ ಇರಲಿಲ್ಲ. ಮೇಸ್ತ್ರಿಯೂ ಹೊಸಬ. ಆಡಿಟ್ ಆಕ್ಷೇಪಣೆ ಬಂದಿದೆ ಎಂಬ ಕಾರಣ ಕೊಟ್ಟು, ಬಾಣಂತಿ ಅಂತ ಗೊತ್ತಾದ ಹೆಂಗಸರ ಹೆಸರುಗಳನ್ನೆಲ್ಲ ಕಚೇರಿಯವರು ಹೊಡೆದುಹಾಕಿದ್ದರು. ಆಡಿಟ್‌ನವರು ಬಂದಿದ್ದಾರೆ ಎಂಬ ಸುದ್ದಿ ಕೇಳಿ ಆ ಅತ್ತೆ ದಂಡೆಗೆ ಬಂದಳು. ಜಗಳಕ್ಕೆ ಬಂದಳೆಂದು ನಾನು ಹೆದರಿದೆ. ಅವಳು ಮೇಡಂ ಮುಂದೆ ನಿಂತು ಹೇಳಿದ್ದು ಬೇರೆ.

"ಸೊಸೆ ಈಗ ಕಟ್ಟಡದ್ ಕೆಲ್ಸಕ್ಕೆ ಹೋಗ್ತವ್ಳೆ. ಇಟ್ಟಿಗೆ ಹೊರೋದು. ಕೂಲಿ ಕಮ್ಮಿ, ಮಗೀನೂ ಎತ್ಕೊಂಡೇ ಹೋಗ್ಬೇಕು. ಎಲ್ಲಾ ನನ್ನಿಂದ ಆಗಿದ್ದು ಕಣವ್ವಾ. ಅವತ್ತು ನಾನು ಬಾಯ್ ಮುಚ್ಕೊಂಡು ಇರ್ಬೇಕಿತ್ತು. ಮಗನ ಹೆಸ್ರಲ್ವಾ, ಬಾಯಿಗೆ ಬಂದ್ಬಿಡ್ತು."

ಮೇಡಂ ಕೈಯಲ್ಲಿದ್ದ ಪಟ್ಟಿಯನ್ನು ನನಗೆ ಕೊಟ್ಟರು. "ತಪ್ಪು ನಿಮ್ಮದಲ್ಲ" ಎಂದರು. "ನಾನು ಅರ್ಧ ಬರೆದಿದ್ದೆ" ಎಂದೂ ಸೇರಿಸಿದರು. ಅವಳಿಗೆ ಅರ್ಥವಾಯಿತೋ ಇಲ್ಲವೋ. ಮೇಡಂ ಆ ದಿನ ಬಟವಾಡೆಯ ಹೆಸರುಗಳನ್ನು ಕೂಗಲಿಲ್ಲ, ನಾನೇ ಕೂಗಿದೆ.

ಆ ವರ್ಷದ ವರದಿಯಲ್ಲಿ ಅವರು ಒಂದು ಪ್ಯಾರಾ ಸೇರಿಸಿದರು. ದಿನಗೂಲಿ ಹೆಂಗಸರಿಗೆ ಹೆರಿಗೆಯ ಕಾಲದಲ್ಲಿ ಜಾಗ ಉಳಿಸಿಕೊಡುವ ಏರ್ಪಾಡು ಇಲ್ಲ, ಆ ಕಾಲದ ಕೂಲಿಯೂ ಇಲ್ಲ, ಸುಳ್ಳು ಹಾಜರಿ ಇಲ್ಲಿಂದ ಹುಟ್ಟುತ್ತಿದೆ, ಸರಿಪಡಿಸುವುದು. ಮೇಲಧಿಕಾರಿಗಳು ಅದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ "ಲೆಕ್ಕ ತಪಾಸಣೆಯ ವಿಷಯವಲ್ಲ" ಎಂದು ಬರೆದರು. ಮೇಡಂ ಆ ಅಧಿಕಾರಿಗಳ ಕೋಣೆಗೆ ಹೋದರು, ಫೈಲು ಹಿಡಿದುಕೊಂಡು ನಾನೂ ಹೋದೆ.

"ಸುಳ್ಳು ಹಾಜರಿ ನಮ್ಮ ವಿಷಯ ಹೌದಲ್ವಾ ಸರ್?"

"ಹೌದ್ರೀ."

"ಅದು ಎಲ್ಲಿಂದ ಬರುತ್ತೆ ಅನ್ನೋದೂ ಅದರಲ್ಲೇ ಬಂತಲ್ಲ ಸರ್."

ಅವರು ನಕ್ಕು ಪ್ಯಾರಾವನ್ನು ಹಾಗೇ ಇರಲು ಬಿಟ್ಟರು. ಕಾಲುವೆ ಕೆಲಸದ ಕಚೇರಿಯಿಂದ ಉತ್ತರ ಬಂತು: "ಗಮನಿಸಲಾಗಿದೆ." ಗಮನಿಸಲಾಗಿದೆ ಎಂದರೆ ಏನೂ ಮಾಡುವುದಿಲ್ಲ ಎಂದು ನಮ್ಮ ಇಲಾಖೆಯಲ್ಲಿ ಎಲ್ಲರಿಗೂ ಗೊತ್ತು. ಮೇಡಂ ಮರುವರ್ಷ ಮತ್ತೆ ಬರೆದರು. ಹೆಂಗಸರು ದಿನಗೂಲಿಗೆ ದುಡಿಯುವ ಯಾವ ಕಚೇರಿಗೆ ಹೋದರೂ ಅದೇ ಪ್ಯಾರಾ, ಅದೇ ಮಾತುಗಳು. ಕಾರ್ಬನ್ ಇಟ್ಟು ಬರೆದು ಬರೆದು ನನಗೆ ಬಾಯಿಪಾಠವಾಯಿತು. ಬೇರೆ ತಂಡದವರು "ನಿಮ್ ಮೇಡಂ ಮಂತ್ರ ಬಂತಾ?" ಎಂದು ನನ್ನನ್ನು ರೇಗಿಸುತ್ತಿದ್ದರು. ಒಮ್ಮೆ ಮೇಡಂಗೆ ಬರಬೇಕಾದ ಬಡ್ತಿ ಬೇರೆಯವರಿಗೆ ಹೋಯಿತು. ಅದು ಇದಕ್ಕೇ ಎಂದು ನಾನು ಹೇಳಲಾರೆ. ಇದಕ್ಕಲ್ಲ ಎಂದೂ ಹೇಳಲಾರೆ. ಮುನಿಯಮ್ಮ ಮಾತ್ರ ಆ ಕೆಲಸಕ್ಕೆ ಮರಳಲಿಲ್ಲ.

ಎಂಬತ್ತರ ದಶಕದ ಮೊದಲಲ್ಲಿ ಅವರು ನಿವೃತ್ತರಾದರು. ಹಾರ ಹಾಕಿಸಿಕೊಳ್ಳುವಾಗಲೂ ಭುಜದ ಮೇಲೆ ಪಟ್ಟೆ ಇತ್ತು. ಮುಂದೆ ತಂಡ ನನ್ನ ಕೈಗೆ ಬಂತು, ತೀರದ ಪ್ಯಾರಾಗಳೂ, ಅಂದರೆ ಕಚೇರಿಗಳು ಇನ್ನೂ ಸರಿಪಡಿಸದ ಆಕ್ಷೇಪಣೆಗಳೂ, ಬಂದವು. ಬರೆಯುತ್ತ ಹೋದೆ, ಅಷ್ಟೇನೂ ನಂಬಿಕೆಯಿಲ್ಲದೆ.

ಆಮೇಲೆ ಒಂದು ದಿನ, ಕಾಲುವೆ ಕೆಲಸದ ಆ ಕಚೇರಿಯಿಂದಲೇ ಒಂದು ಆದೇಶ ಹೊರಟಿತು. ಹೆರಿಗೆಗೆ ಹೋದ ದಿನಗೂಲಿ ಹೆಂಗಸಿನ ಜಾಗ ಕಾಯ್ದಿಡಬೇಕು. ಅಷ್ಟು ದಿನ ಅವರ ಮನೆಯವರೇ ಒಬ್ಬರು ತಮ್ಮ ಸ್ವಂತ ಹೆಸರಿನಲ್ಲಿ ದುಡಿಯಬಹುದು. ಆಡಿಟ್‌ನ ಪ್ರಸ್ತಾಪವೇ ಅದರಲ್ಲಿ ಇರಲಿಲ್ಲ. ಇರದಿದ್ದರೇನು, ನನಗೆ ಕಣ್ಣಲ್ಲಿ ನೀರು ಬಂತು. ಅದರ ಪ್ರತಿ ಹಿಡಿದು ಅಂದು ಸಂಜೆಯೇ ಚಾಮರಾಜಪೇಟೆಗೆ ಹೋದೆ.

ಮೇಡಂ ಅಷ್ಟು ಹೊತ್ತಿಗೆ ಹಾಸಿಗೆ ಹಿಡಿದಿದ್ದರು. ದಿಂಬು ಇಟ್ಟು ಗೋಡೆಗೆ ಒರಗಿಸಿ ಕೂರಿಸಿದ್ದರು. ತಮ್ಮನ ಹೆಂಡತಿ ಕಾಫಿ ತಂದುಕೊಟ್ಟರು. ಮೇಡಂ ಕನ್ನಡಕ ಹಾಕಿಕೊಂಡು ಆದೇಶವನ್ನು ಮೊದಲಿಂದ ಕೊನೆಯವರೆಗೆ ಓದಿದರು. ಪುಟ ತಿರುಗಿಸಿ ಹಿಂದೆ ಏನಾದರೂ ಇದೆಯೇ ಎಂದು ನೋಡಿದರು. ಖಾಲಿ ಇತ್ತು.

"ಜಾಗ ಕೊಟ್ಟಿದ್ದಾರೆ" ಎಂದರು. "ಕೂಲಿ ಎಲ್ಲಿ?"

"ಕೂಲಿ ಕೆಲಸಕ್ಕೆ ಬಂದೋರಿಗೆ ಮೇಡಂ. ಹೆತ್ತೋಳಿಗೆ ಇಲ್ಲ."

"ನಿಮಗೆ ಮೂರು ತಿಂಗಳು ಕೊಟ್ಟಿದ್ರು."

"ಹೌದು."

"ಸಂಬಳ ಸಮೇತ. ನಾನೇ ಸಹಿ ಹಾಕಿದ್ದು."

"ಹೌದು ಮೇಡಂ."

ಕಾಗದ ಮಡಚಿ ನನ್ನ ಕೈಗೆ ಕೊಟ್ಟರು. "ಹಂಗಾದ್ರೆ ಪ್ಯಾರಾ ತೀರಿಲ್ಲ." ಆಮೇಲೆ, ಇಷ್ಟು ವರ್ಷಗಳಲ್ಲಿ ಮೊದಲ ಸಲ, "ಮಗಳು ಈಗ ಎಷ್ಟನೇ ಕ್ಲಾಸು?" ಎಂದು ಕೇಳಿದರು.

ಆ ಮಳೆಗಾಲ ಕಳೆಯುವಷ್ಟರಲ್ಲಿ ಅವರು ಹೋದರು. ಸುದ್ದಿ ಬಂದಾಗ ನಾನು ಬಸವನಗುಡಿಯ ಒಂದು ಕಚೇರಿಯಲ್ಲಿ ತಪಾಸಣೆಯಲ್ಲಿದ್ದೆ. ಹೋಗಿ ಬಂದೆ. ಒಂದು ವಾರ ಯಾವ ಕೆಲಸದಲ್ಲೂ ಮನಸ್ಸು ನಿಲ್ಲಲಿಲ್ಲ. ಅವರನ್ನು ಇಷ್ಟು ಹಚ್ಚಿಕೊಂಡಿದ್ದೆನೆಂದು ನನಗೆ ತಿಳಿದಿರಲಿಲ್ಲ.

ವರದಿ ಬರೆಯುವ ಕಾಲ ಬಂದಾಗ ಪ್ಯಾರಾದಲ್ಲಿ ಜಾಗದ ಮಾತನ್ನು ಹೊಡೆದುಹಾಕಿ, ಕೂಲಿಯ ಮಾತನ್ನು ಉಳಿಸಿ ಬರೆದೆ. ಹೊಸದಾಗಿ ಬಂದಿದ್ದ ಮೇಲಧಿಕಾರಿಗಳು ನನ್ನನ್ನು ಕರೆಸಿ, ಇದು ಆಡಿಟ್ ವಿಷಯವೇ ಎಂದು ಕೇಳಿದರು.

"ಸುಳ್ಳು ಹಾಜರಿ ನಮ್ಮ ವಿಷಯ ಹೌದಲ್ವಾ ಸರ್?" ಎಂದೆ. ಅವರು ಕುರ್ಚಿ ತೋರಿಸಿದರು. ನಾನು ನಿಂತೇ ಇದ್ದೆ.